ಎರಡನೇ ಕೀ ಯಾರ ಹತ್ತಿರ ಇದೆ?

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಒಂದೇ ಮಾತು ಹೇಳುತ್ತಾರೆ. "ಇನ್ನೊಂದು ಕೀ ಮನೇಲೇ ಎಲ್ಲೋ ಇದೆಯಂತೆ, ಹುಡುಕಿ ಕೊಡ್ತೀನಿ ಅಂದಿದಾರೆ." ಕಾರುಗಳಿಗೆ ಕೀ ಮಾಡಿ, ಪ್ರೋಗ್ರಾಂ ಮಾಡಿಕೊಡುವುದು ನನ್ನ ಕೆಲಸ. ಹೀಗೆ ಹುಡುಕಿ ಕೊಡುತ್ತೇನೆ ಅಂದ ಕೀ ಆಮೇಲೆ ನಿಜವಾಗಿ ಬಂದದ್ದನ್ನು ನೋಡಿದ್ದು ತೀರಾ ಕಡಿಮೆ. ದುಡ್ಡು ಕೈ ಸೇರಿದ ಮೇಲೆ ಯಾರು ಕಪಾಟು ಜಾಲಾಡುತ್ತಾರೆ, ಅಲ್ವಾ?

ಹೊಸ ಕಾರಿನ ಜೊತೆ ಸಾಮಾನ್ಯವಾಗಿ ಎರಡು ಕೀ ಬರುತ್ತವೆ. ಕೆಲವು ಕಾರುಗಳ ಜೊತೆ ಮೂರು. ಹಾಗಾಗಿ ಒಂದೇ ಕೀ ಕೈಗೆ ಬಂತು ಅಂದರೆ ಇನ್ನೊಂದು ಬೇರೆ ಎಲ್ಲೋ ಇದೆ ಅಂತಲೇ ಲೆಕ್ಕ. ಸೋಫಾದ ಸಂದಿಯಲ್ಲಿರಬಹುದು. ಹಳೆಯ ಪ್ಯಾಂಟಿನ ಜೇಬಿನಲ್ಲಿರಬಹುದು. ಕೆಲಸ ಬಿಟ್ಟು ಹೋದ ಡ್ರೈವರ್ ಹತ್ತಿರವೋ, ಸಾಲ ಕೊಟ್ಟವರ ಬೀರುವಿನಲ್ಲೋ ಇರಬಹುದು. ಮಾರುವವರು ಸುಳ್ಳು ಹೇಳುತ್ತಾರೆ ಅಂತ ನಾನು ದೂರುತ್ತಿಲ್ಲ. ಅವರೇ ಮೂರನೇ ಮಾಲೀಕರಾಗಿದ್ದರೆ ಅವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಪ್ರಶ್ನೆಯನ್ನು ಮಾರುವವರಿಗೆ ಕೇಳಿ ಸುಮ್ಮನಾಗಬೇಡಿ, ಕಾರಿಗೂ ಕೇಳಿ ಅನ್ನುತ್ತೇನೆ. ತನಗೆ ಯಾವ ಯಾವ ಕೀ ಗೊತ್ತು ಅನ್ನುವುದನ್ನು ಈಗಿನ ಕಾರು ನೆನಪಿಟ್ಟುಕೊಂಡಿರುತ್ತದೆ.

ಅದು ಹೇಗೆ ಅಂತ ತಿಳಿಯಲು ಕೀಯನ್ನು ಬಿಚ್ಚಿ ನೋಡಬೇಕು. ಒಂದು ಕೀಯೊಳಗೆ ಮೂರು ಬೇರೆ ಬೇರೆ ವಸ್ತುಗಳಿರುತ್ತವೆ. ಮೊದಲನೆಯದು ಲೋಹದ ಭಾಗ. ಅದು ಬಾಗಿಲ ಬೀಗ ತೆಗೆಯುತ್ತದೆ, ಸ್ಟೇರಿಂಗ್ ಲಾಕ್ ಬಿಡಿಸುತ್ತದೆ. ಎರಡನೆಯದು ಬಟನ್ ಒತ್ತುವ ರಿಮೋಟ್. ಅದು ರೇಡಿಯೋ ಅಲೆಯಲ್ಲಿ ಮಾತಾಡುತ್ತದೆ. ಬಹಳಷ್ಟು ದೇಶಗಳಲ್ಲಿ 433.92 ಮೆಗಾಹರ್ಟ್ಸ್, ಅಮೆರಿಕದಲ್ಲಿ ಹೆಚ್ಚಾಗಿ 315. ಇದಕ್ಕೆ ಸಣ್ಣ ಬಿಲ್ಲೆ ಸೆಲ್ ಬೇಕು. ಮೂರನೆಯದು ಯಾರ ಕಣ್ಣಿಗೂ ಬೀಳದ್ದು. ಪ್ಲಾಸ್ಟಿಕ್ ತಲೆಯೊಳಗೆ ಕೂತಿರುವ ಪುಟ್ಟ ಚಿಪ್. ಇದಕ್ಕೆ ಸೆಲ್ ಬೇಡ. ಇಗ್ನಿಷನ್ ಬೀಗದ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಅದು ಸುಮಾರು 125 ಕಿಲೋಹರ್ಟ್ಸ್ ಅಲೆ ಬಿಡುತ್ತದೆ. ಆ ಅಲೆಯಿಂದಲೇ ಚಿಪ್ ಕರೆಂಟು ಪಡೆದು ಎಚ್ಚರಾಗಿ ತನ್ನ ಗುರುತು ಹೇಳುತ್ತದೆ. ಕಾರು ಒಂದು ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಎಂಜಿನ್ ಓಡುತ್ತದೆ. ತಪ್ಪಾದರೆ ಹೊತ್ತಿಕೊಳ್ಳುವುದೇ ಇಲ್ಲ, ಇಲ್ಲವೇ ಒಂದೆರಡು ಸೆಕೆಂಡ್ ಗುರ್ ಅಂದು ಸುಮ್ಮನಾಗುತ್ತದೆ.

ಇಮ್ಮೊಬಿಲೈಸರ್ ಅಂದರೆ ಇದೇ. ಯುರೋಪಿಯನ್ ಒಕ್ಕೂಟ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಬಂತು, ಕೆನಡಾದಲ್ಲಿ 2007ರಲ್ಲಿ. "ಡೂಪ್ಲಿಕೇಟ್ ತಾನೇ, ಹೋಗಿ ಹೊಡೆಸಿಕೊಂಡರಾಯ್ತು" ಅನ್ನುವ ಮಾತು ಅದಕ್ಕೂ ಮುಂಚಿನ ಕಾಲದ್ದು. ಈಗ ಅಚ್ಚುಕಟ್ಟಾಗಿ ಕತ್ತರಿಸಿದ ಕೀ ಬಾಗಿಲು ತೆಗೆದೀತು, ಎಂಜಿನ್ ಓಡಿಸಲಾರದು.

ಇನ್ನು ನಮ್ಮ ಕಸುಬಿನ ಲೆಕ್ಕ. ಒಂದು ಕೀಯಿಂದ ಎರಡನೆಯದನ್ನು ಮಾಡುವುದು ಹೆಚ್ಚಿನ ಕಾರುಗಳಲ್ಲಿ ಸುಲಭ. ಇರುವ ಕೀ ಹಾಕಿ, ಸ್ಟೇರಿಂಗ್ ಕೆಳಗಿರುವ ಪೋರ್ಟಿಗೆ ಯಂತ್ರ ಸಿಕ್ಕಿಸಿ, ಹೊಸ ಚಿಪ್ಪನ್ನು ಪರಿಚಯ ಮಾಡಿಸಿದರೆ ಮುಗಿಯಿತು. ಕೈಲಿ ಒಂದೂ ಇಲ್ಲದೆ ಕೀ ಮಾಡುವುದು ಬೇರೆಯೇ ಕಥೆ. ಬೀಗ ನೋಡಿ ಹಲ್ಲಿನ ಅಳತೆ ಹುಡುಕಬೇಕು. ಕಂಪನಿಯ ಪಿನ್ ನಂಬರ್ ಬೇಕಾಗಬಹುದು. ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ನೆನಪಿನ ಚಿಪ್ ಓದಿ ಬರೆಯಬೇಕು. ಇನ್ನು ಕೆಲವಕ್ಕೆ ಆ ಪೆಟ್ಟಿಗೆಯನ್ನೇ ಬದಲಿಸಬೇಕು. ಅದರ ಮೇಲೆ ಕಾರು ತಾನಾಗಿ ನನ್ನ ಹತ್ತಿರ ಬರುವುದಿಲ್ಲ, ಎತ್ತಿಕೊಂಡು ಬರಬೇಕು. ಒಂದೇ ಕೀ ಇಟ್ಟುಕೊಂಡು "ಮುಂದಿನ ತಿಂಗಳು ನೋಡೋಣ" ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಕೈಲಿರುವ ಆ ಒಂದು ಕೀಗೆ ಎಷ್ಟು ಬೆಲೆ ಇತ್ತು ಅನ್ನುವುದು ಅದು ಕಳೆದುಹೋದ ದಿನ ಗೊತ್ತಾಗುತ್ತದೆ.

ಇದರಲ್ಲೂ ಕಂಪನಿಗೊಂದು ಪದ್ಧತಿ. ಫೋರ್ಡಿನ ಹಲವು ಮಾದರಿಗಳಲ್ಲಿ ಎರಡು ಕೀ ಇದ್ದರೆ ಮೂರನೆಯದನ್ನು ಮಾಲೀಕರೇ ಸೇರಿಸಿಕೊಳ್ಳಬಹುದು. ಎರಡನ್ನೂ ಒಂದಾದ ಮೇಲೊಂದು ಹಾಕಿ ತಿರುಗಿಸಿ, ಆಮೇಲೆ ಹೊಸದನ್ನು ಹಾಕಿದರೆ ಸಾಕು. ಒಂದೇ ಇದ್ದರೆ ಆ ದಾರಿ ಬಂದ್. 1990ರ ದಶಕದ ಕೆಲವು ಫಿಯಟ್‌ಗಳ ಜೊತೆ ಕೆಂಪು ತಲೆಯ ಮಾಸ್ಟರ್ ಕೀ ಬರುತ್ತಿತ್ತು. ಓಡಿಸಲು ನೀಲಿ, ಹೊಸ ಕೀ ಸೇರಿಸಲು ಕೆಂಪು. ನೀಲಿ ಕೀ ಮಾತ್ರ ಕೊಟ್ಟು ಕಾರು ಮಾರಿದರೆ ಕಾರೇನೋ ಓಡುತ್ತದೆ, ಆದರೆ ಸುಲಭವಾಗಿ ಇನ್ನೊಂದು ಕೀ ಮಾಡುವಂತಿಲ್ಲ. ಹಳೆಯ ಟೊಯೋಟಾಗಳಲ್ಲಿ ಕಪ್ಪು ತಲೆಯ ಮಾಸ್ಟರ್ ಕೀ ಜೊತೆ ಬೂದು ಬಣ್ಣದ ಕೀ ಒಂದು ಇರುತ್ತಿತ್ತು. ಕಾರು ನಿಲ್ಲಿಸಿ ಕೊಡುವವರ ಕೈಗೆ ಕೊಡಲು ಅದು. ಡಿಕ್ಕಿ, ಗ್ಲೋವ್ ಬಾಕ್ಸ್ ಅದರಿಂದ ತೆಗೆಯಲು ಬರುವುದಿಲ್ಲ, ಹೊಸ ಕೀ ಸೇರಿಸಲೂ ಬರುವುದಿಲ್ಲ. ಹಾಗಾಗಿ ನಿಮಗೆ ಕೊಡುತ್ತಿರುವ ಒಂದು ಕೀ ಯಾವುದು ಅಂತ ಮೊದಲು ನೋಡಿ. ಚಾಲಕನ ಬಾಗಿಲು, ಡಿಕ್ಕಿ, ಗ್ಲೋವ್ ಬಾಕ್ಸ್, ಪೆಟ್ರೋಲ್ ಮುಚ್ಚಳ, ಎಲ್ಲೆಲ್ಲಿ ಬೀಗದ ತೂತು ಇದೆಯೋ ಅಲ್ಲೆಲ್ಲ ಹಾಕಿ ತಿರುಗಿಸಿ. ಬಾಗಿಲಿಗೆ ಒಂದು ಕೀ, ಇಗ್ನಿಷನ್‌ಗೆ ಇನ್ನೊಂದು ಅಂದರೆ ಯಾವಾಗಲೋ ಬೀಗ ಬದಲಾಗಿದೆ. ಯಾಕೆ ಅಂತ ಕೇಳಿ. ಉತ್ತರ ಸರಳವಾಗಿದ್ದರೂ ಇರಬಹುದು, ಆದರೆ ಕೇಳಿ.

ಕಾರಿನ ನೆನಪಿನ ವಿಷಯಕ್ಕೆ ಬರೋಣ. ಯಂತ್ರ ಸಿಕ್ಕಿಸಿದರೆ ಎಷ್ಟು ಕೀ ದಾಖಲಾಗಿವೆ ಅಂತ ಬಹಳಷ್ಟು ಕಾರುಗಳು ತೋರಿಸುತ್ತವೆ. ಕೈಲಿ ಒಂದು, ಒಳಗೆ ಮೂರು ಅಂದರೆ ಎರಡು ಕೀ ಹೊರಗಿವೆ. ಇದಕ್ಕೆ ಪರಿಹಾರವೂ ಅದೇ ಯಂತ್ರದಲ್ಲಿದೆ. ಹಳೆಯ ದಾಖಲೆ ಎಲ್ಲ ಅಳಿಸಿ, ಕೈಲಿರುವ ಕೀಗಳನ್ನು ಮಾತ್ರ ಮತ್ತೆ ಸೇರಿಸುವುದು. ಎರಡನೇ ಕೀ ಮಾಡಿಸುವ ದಿನವೇ ಇದನ್ನೂ ಮಾಡಿಸಿ. ಹೊರಗಿರುವ ಕೀ ಆಮೇಲೆ ಎಂಜಿನ್ ಓಡಿಸಲಾರದು. ಆದರೆ ಅದರ ಲೋಹದ ಭಾಗ ಬಾಗಿಲು ತೆಗೆಯುತ್ತಲೇ ಇರುತ್ತದೆ, ಇದನ್ನು ಮರೆಯಬೇಡಿ. ರಿಮೋಟ್ ದಾಖಲೆ ಕೆಲವು ಕಾರುಗಳಲ್ಲಿ ಬೇರೆಯೇ ಇರುತ್ತದೆ, ಅದನ್ನೂ ಅಳಿಸಿದ್ದೀರಾ ಅಂತ ಕೇಳಬೇಕು. ಬಾಗಿಲ ಬಗ್ಗೆಯೂ ನಿಶ್ಚಿಂತೆ ಬೇಕು ಅನ್ನುವವರು ಬೀಗದ ಒಳಗೆ ಕೀಯ ಹಲ್ಲಿಗೆ ಹೊಂದುವ ಸಣ್ಣ ತಗಡುಗಳನ್ನು ಬದಲಿಸಿಕೊಳ್ಳಬಹುದು. ನನ್ನನ್ನು ಕೇಳಿದರೆ ಕಾರಿನಲ್ಲಿ ಬೆಲೆಬಾಳುವ ಸಾಮಾನು ಇಡದಿದ್ದರೆ ದಾಖಲೆ ಅಳಿಸುವುದಷ್ಟೇ ಸಾಕು.

ಇಲ್ಲಿ ಒಂದು ಸಿಕ್ಕು ಇದೆ. ಅದನ್ನು ಕಸುಬಿನವರೂ ಕೆಲವು ಸಲ ಹೇಳುವುದಿಲ್ಲ. ಕೀ ಮಾಡಲು ಎರಡು ದಾರಿ. ಹೊಸ ಚಿಪ್ಪನ್ನು ಹೊಸ ಗುರುತಿನೊಂದಿಗೆ ಕಾರಿಗೆ ಸೇರಿಸುವುದು ಒಂದು. ಇರುವ ಚಿಪ್ಪಿನ ಗುರುತನ್ನೇ ಇನ್ನೊಂದು ಚಿಪ್ಪಿಗೆ ನಕಲು ಮಾಡುವುದು ಇನ್ನೊಂದು. ನಕಲು ಮಾಡಿದರೆ ಕಾರಿಗೆ ಎರಡೂ ಒಂದೇ. ಅವಳಿ ಮಕ್ಕಳನ್ನು ನೋಡಿ ಒಬ್ಬನೇ ಅಂದುಕೊಂಡ ಹಾಗೆ. ಒಳಗೆ "1 ಕೀ" ಅಂತ ತೋರಿಸಿದರೂ ಹೊರಗೆ ಎರಡು ಇರಬಹುದು. ಆಗ ಎಲ್ಲ ಅಳಿಸಿ ನಿಮ್ಮ ಹಳೆಯ ಕೀಯನ್ನೇ ಮತ್ತೆ ಸೇರಿಸಿದರೆ ಅದರ ನಕಲೂ ಜೊತೆಗೇ ಒಳಗೆ ಬರುತ್ತದೆ. ಕೊಟ್ಟ ಕೀಯ ಮೇಲೆ ಸ್ವಲ್ಪ ಅನುಮಾನ ಇದ್ದರೂ ಎರಡು ಹೊಸ ಕೀ ಸೇರಿಸಿ ಹಳೆಯದನ್ನು ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು. ಮಾಡಿಸುವಾಗ "ನಕಲು ಬೇಡ, ಹೊಸ ಗುರುತಿನಲ್ಲಿ ಸೇರಿಸಿ" ಅಂತ ಬಾಯಿಬಿಟ್ಟು ಹೇಳಿ.

ಇನ್ನೊಂದು ಪರೀಕ್ಷೆ. ಇದು ನನಗೆ ಬಹಳ ಇಷ್ಟ, ಯಾಕೆಂದರೆ ಅಡುಗೆ ಮನೆಯ ಫಾಯಿಲ್ ಒಂದು ಸಾಕು. ಇಗ್ನಿಷನ್‌ಗೆ ಹಾಕಿ ತಿರುಗಿಸುವ ಕೀಗಳಿಗೆ ಇದು. ಕೀಯ ಪ್ಲಾಸ್ಟಿಕ್ ತಲೆಯನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ಕಾರು ಸ್ಟಾರ್ಟ್ ಮಾಡಿ. ಚಿಪ್ಪಿನ ಮಾತು ಕಾರಿಗೆ ಕೇಳಬಾರದು, ಕಾರು ಓಡಬಾರದು. ಆದರೂ ಓಡಿದರೆ ಇಮ್ಮೊಬಿಲೈಸರನ್ನು ಯಾರೋ ಬದಿಗೆ ಸರಿಸಿರಬಹುದು. ಒಮ್ಮೆ ಹೀಗೆ ಓಡಿದ ಕಾರಿನ ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿದೆ. ಸುರುಳಿಯ ಪಕ್ಕದಲ್ಲೇ ಒಂದು ಚಿಪ್ಪನ್ನು ಕಪ್ಪು ಟೇಪ್ ಸುತ್ತಿ ಅಂಟಿಸಿದ್ದರು. ಮಾಲೀಕರು ಕಳೆದುಹೋಗಿದೆ ಅಂದುಕೊಂಡಿದ್ದ ಎರಡನೇ ಕೀಯ ಚಿಪ್ ಕಾರಿನೊಳಗೇ ಇತ್ತು! ಅದಿದ್ದರೆ ಬರೀ ಲೋಹದ ಕೀ ಸಾಕು, ಯಾರು ಬೇಕಾದರೂ ಓಡಿಸಬಹುದು. ಎಂದೋ ಯಾರೋ ಖರ್ಚು ಉಳಿಸಲು ಮಾಡಿದ ಕೆಲಸ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯೊಳಗೆ ಅಡಗಿರುವ ಪುಟ್ಟ ಲೋಹದ ಕೀಯನ್ನು ಎಳೆದು ನೋಡಿ. ಎಷ್ಟೋ ಸಲ ಅದು ಇರುವುದೇ ಇಲ್ಲ. ಸೆಲ್ ಸತ್ತ ದಿನ ಬಾಗಿಲು ತೆಗೆಯಲು ಇರುವುದು ಅದೊಂದೇ. ಒಳಗೆ ಹೋದ ಮೇಲೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರೆ ಸೆಲ್ ಇಲ್ಲದೆಯೂ ಹೆಚ್ಚಿನ ಕಾರು ಓಡುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೆ ಬೇರೆ ಜಾಗ ಇರುತ್ತದೆ, ಕಾರಿನ ಪುಸ್ತಕದಲ್ಲಿ ಬರೆದಿರುತ್ತಾರೆ. ಬಹಳಷ್ಟು ಕೀಗಳಲ್ಲಿರುವ ಸೆಲ್‌ನ ಹೆಸರು ಸಿಆರ್2032. ಆ ಸಂಖ್ಯೆಯೇ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ರಿಮೋಟ್ ಕೆಲಸ ಮಾಡುತ್ತಿಲ್ಲ, ಕೀ ಕೆಟ್ಟಿದೆ ಅಂತ ಬಂದವರಲ್ಲಿ ಎಷ್ಟೋ ಜನರನ್ನು ಹೊಸ ಸೆಲ್ ಹಾಕಿ ಕಳಿಸಿದ್ದೇನೆ.

ವ್ಯವಹಾರದ ಮಾತು ಬೇಗ ಮುಗಿಸುತ್ತೇನೆ. ಬೆಲೆ ಮಾತಾಡುವ ಮುಂಚೆ ಆ ಮಾದರಿಗೆ ಎರಡನೇ ಕೀ ಎಷ್ಟಾಗುತ್ತದೆ ಅಂತ ಒಬ್ಬ ಕೀ ಮಾಡುವವರನ್ನೂ ಕಂಪನಿಯ ಶೋರೂಮನ್ನೂ ಕೇಳಿ. ಎರಡರ ನಡುವಿನ ಅಂತರ ನೋಡಿ ಆಶ್ಚರ್ಯವಾಗಬಹುದು. ಆ ಮೊತ್ತ ಬೆಲೆಯಲ್ಲಿ ಕಡಿಮೆಯಾಗಲಿ, ಇಲ್ಲವೇ ಮಾರುವವರೇ ಮಾಡಿಸಿ ಎರಡು ಕೀ ಕೊಡಲಿ. ಮೊದಲನೆಯದೇ ವಾಸಿ. ಅವರು ಮಾಡಿಸಿದರೆ ಅಗ್ಗದ ನಕಲು ಮಾಡಿಸಿ ಕೊಡುವ ಸಾಧ್ಯತೆ ಜಾಸ್ತಿ. ಹೊಸದರಲ್ಲಿ ಕೀಗೊಂಚಲಿನ ಜೊತೆ ಬಂದ ನಂಬರ್ ಇರುವ ಸಣ್ಣ ಬಿಲ್ಲೆ, ಪಿನ್ ಬರೆದ ಕಾರ್ಡ್ ಇದ್ದರೆ ಕೇಳಿ ತೆಗೆದುಕೊಳ್ಳಿ. ಆ ನಂಬರಿನಿಂದ ಹಲ್ಲು ಕತ್ತರಿಸಿದರೆ ಕೀ ಕಾರ್ಖಾನೆಯಿಂದ ಬಂದ ಹಾಗೆ ಇರುತ್ತದೆ. ಸವೆದ ಕೀ ನೋಡಿ ಕತ್ತರಿಸಿದರೆ ಸವೆತವೂ ನಕಲಾಗುತ್ತದೆ. ಒಂದೇ ಕೀಯಲ್ಲಿ ವರ್ಷಗಟ್ಟಲೆ ಓಡಿದ ಕಾರುಗಳಲ್ಲಿ ಈ ತೊಂದರೆ ಮಾಮೂಲು. ಶೋರೂಮಿನವರು ಕೀ ಕೋಡ್ ಕೊಡಲು ಮಾಲೀಕತ್ವದ ಕಾಗದ ಕೇಳುತ್ತಾರೆ, ಹಾಗಾಗಿ ಹೆಸರು ಬದಲಾಯಿಸುವ ಕೆಲಸ ತಡ ಮಾಡಬೇಡಿ. ಕಾರು ಕಳುವಾದರೆ ಹಲವು ವಿಮಾ ಕಂಪನಿಗಳು ಎಲ್ಲ ಕೀಗಳನ್ನೂ ಕೇಳುತ್ತವೆ. ಒಂದೇ ಕೀ ಸಿಕ್ಕಿದೆ ಅಂತ ಮಾರಾಟದ ಕಾಗದದಲ್ಲಿ ಒಂದು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ.

ಆನ್‌ಲೈನಿನಲ್ಲಿ ಅದೇ ಮಾದರಿಯ ಹಳೆಯ ಕೀ ಅಗ್ಗಕ್ಕೆ ಸಿಗುತ್ತದೆ ಅಂತ ಕೊಂಡು ತರುವವರಿದ್ದಾರೆ. ಬಟನ್ ಸ್ಟಾರ್ಟ್ ಕಾರುಗಳ ಎಷ್ಟೋ ಕೀಗಳು ಒಮ್ಮೆ ಒಂದು ಕಾರಿಗೆ ಸೇರಿದರೆ ಇನ್ನೊಂದಕ್ಕೆ ಸೇರುವುದಿಲ್ಲ. ತಂದವರ ಮುಖ ನೋಡಿ ಇಲ್ಲ ಅನ್ನುವುದು ನನಗೂ ಕಷ್ಟ. ಮುರಿದ ಕೀಗೆ ಹೊಸ ಕವಚ ತಾವೇ ಹಾಕಿಕೊಳ್ಳುವವರೂ ಒಂದು ವಿಷಯ ಗಮನಿಸಿ. ಎಷ್ಟೋ ಕೀಗಳಲ್ಲಿ ಚಿಪ್ ಸರ್ಕ್ಯೂಟಿನಲ್ಲಿರದೆ ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಬೇರೆಯಾಗಿ ಕೂತಿರುತ್ತದೆ. ಹಳೆಯ ಕವಚದ ಜೊತೆ ಅದನ್ನೂ ಕಸದ ಬುಟ್ಟಿಗೆ ಹಾಕಿ, ಬಟನ್ ಕೆಲಸ ಮಾಡುತ್ತೆ, ಕಾರು ಓಡಲ್ಲ ಅಂತ ಫೋನ್ ಮಾಡುತ್ತಾರೆ. ಬುಟ್ಟಿ ಇನ್ನೂ ಖಾಲಿ ಮಾಡಿಲ್ಲ ತಾನೇ ಅನ್ನುವುದು ನನ್ನ ಮೊದಲ ಪ್ರಶ್ನೆ.

ಕಪಾಟಿನಿಂದ ನಿಜವಾಗಿ ಕೀ ಬಂದದ್ದು ಕಡಿಮೆ ಅಂದೆನಲ್ಲ, ಒಮ್ಮೆ ಬಂದಿತ್ತು. ಹಳೆಯ ದಾಖಲೆ ಅಳಿಸಿ, ಹೊಸ ಕೀ ಸೇರಿಸಿಕೊಟ್ಟು ಆರು ತಿಂಗಳಾಗಿತ್ತು. ಕಾರು ಕೊಂಡವರು ಫೋನ್ ಮಾಡಿದರು. "ಸಾರ್, ಅವರು ಹುಡುಕಿ ಕಳಿಸಿದಾರೆ. ಬಾಗಿಲು ತೆಗೆಯತ್ತೆ, ಕಾರು ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಕೀ ಹಾಳಾಗಿದೆ ಅನ್ಸತ್ತೆ."

"ಹಾಳಾಗಿಲ್ಲ ಸಾರ್, ನಾನೇ ಅಳಿಸಿದ್ದು. ಎಲ್ಲ ಕೀನೂ ತಗೊಂಡು ಬನ್ನಿ, ಮತ್ತೆ ಸೇರಿಸೋಣ."

ಬಂದರು. ಐದು ನಿಮಿಷದ ಕೆಲಸ. ಈಗ ಅವರ ಹತ್ತಿರ ಮೂರು ಕೀ ಇವೆ.