ಕಾಣದ ಸಂದಿಗೆ ಗಾರೆ ತುಂಬಿದವರು

ಹಳೆಯ ಕಲ್ಲಿನ ಅಣೆಕಟ್ಟನ್ನು ತಪಾಸಣೆ ಮಾಡಲು ಹೋದರೆ ನನ್ನ ಕಣ್ಣು ಮೊದಲು ಸಂದುಗಳ ಮೇಲೆ ಓಡುತ್ತದೆ. ಕಲ್ಲಿಗೆ ನೂರು ವರ್ಷ ಒಂದು ವಯಸ್ಸೇ ಅಲ್ಲ. ಕರಗುವುದು, ಉದುರುವುದು, ಕೈಕೊಡುವುದು ಏನಿದ್ದರೂ ನಡುವಿನ ಗಾರೆ. ಸುಣ್ಣ ಸೋರಿ ಬಿಳಿ ಗೆರೆಯಾಗಿ ಎಲ್ಲಿ ಇಳಿದಿದೆ, ಎಲ್ಲಿ ಪಾಚಿ ಕಟ್ಟಿದೆ, ಬೇಸಿಗೆಯಲ್ಲೂ ಎಲ್ಲಿ ತೇವ ಆರಿಲ್ಲ ಎಂಬುದನ್ನೆಲ್ಲ ಗುರುತು ಹಾಕಿಕೊಂಡು, ಆಮೇಲೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಹೋಗುತ್ತೇನೆ. ಒಳಗೆ ಗಟ್ಟಿಯಿದ್ದರೆ 'ಠಣ್' ಅನ್ನುತ್ತದೆ. ಪೊಳ್ಳಿದ್ದರೆ 'ಡಬ್'.

ಈ ಕಿವಿ ನನಗೆ ಕಾಲೇಜಿನಲ್ಲಿ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹಳೆಯ ಕಟ್ಟೆಯ ಹಿಂಬದಿ ಗೋಡೆ ಒದ್ದೆಯಾಗುತ್ತಿತ್ತು. ನಾನು ನಕ್ಷೆ ಹರವಿಕೊಂಡು ಲೆಕ್ಕ ಹಾಕುತ್ತಾ ಕೂತಿದ್ದೆ. ಲೆಕ್ಕದಲ್ಲಿ ಒಂದು ತಪ್ಪೂ ಸಿಗಲಿಲ್ಲ. ದುರಸ್ತಿಗೆ ಬಂದಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಗೋಡೆಗೆ ನಾಲ್ಕು ಕಡೆ ಬಡಿದು, "ಸಾರ್, ಇಲ್ಲಿ ಕಲ್ಲಿನ ಮೇಲೆ ಕಲ್ಲು ಕೂತಿದೆ. ನಡುವೆ ಗಾರೆ ಹೋಗಿಲ್ಲ. ಕಟ್ಟಿದ ದಿನವೇ ಹೋಗಿಲ್ಲ" ಅಂದರು. ಕಲ್ಲು ಬಿಚ್ಚಿ ನೋಡಿದರೆ ಮಣಿಕಟ್ಟಿನವರೆಗೆ ಕೈ ಒಳಗೆ ಹೋಯಿತು.

ಅಂದಿನಿಂದ ಯಾವ ಕಟ್ಟೆಯ ಚರಿತ್ರೆ ಓದಿದರೂ ಮೊದಲು ಹುಡುಕುವುದು ಅದನ್ನು ಕಟ್ಟಿದವರು ಯಾರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು ಎಂಬುದನ್ನು. ಆ ದೃಷ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನ್ಯೂಯಾರ್ಕ್ ನಗರಕ್ಕೆ ನೀರು ಕೊಡುವ ನ್ಯೂ ಕ್ರೋಟನ್ ಅಣೆಕಟ್ಟು. ನಗರದ ಉತ್ತರಕ್ಕೆ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ, ಕ್ರೋಟನ್ ನದಿ ಹಡ್ಸನ್ ಸೇರುವುದಕ್ಕೆ ಸ್ವಲ್ಪ ಮೊದಲು, ಎರಡು ಗುಡ್ಡಗಳ ನಡುವೆ ನಿಂತಿದೆ. ಅದರ ಬುಡದಲ್ಲಿ ಈಗ ಒಂದು ಉದ್ಯಾನವಿದೆ. ಅಲ್ಲಿ ನಿಂತು ತಲೆಯೆತ್ತಿದರೆ ಸೈಜುಗಲ್ಲಿನ ಗೋಡೆ, ಪಕ್ಕದಲ್ಲಿ ಗುಡ್ಡಕ್ಕೆ ಒರಗಿದಂತೆ ಬಾಗಿ ಸಾಗುವ, ಮೆಟ್ಟಿಲು ಮೆಟ್ಟಿಲಾದ ಕೋಡಿ. ಕಟ್ಟೆ ತುಂಬಿದಾಗ ನೀರು ಒಂದೊಂದೇ ಮೆಟ್ಟಿಲಿಗೆ ಬಿದ್ದು, ನೊರೆಯಾಗಿ, ವೇಗ ಕಳೆದುಕೊಂಡು ಕೆಳಗಿಳಿಯುತ್ತದೆ. ನೋಡುವವರಿಗೆ ಅದು ಜಲಪಾತ. ಎಂಜಿನಿಯರಿಗೆ ಅದು ನೀರಿನ ಸಿಟ್ಟನ್ನು ಕಂತಿನಲ್ಲಿ ಇಳಿಸುವ ಉಪಾಯ. ಒಂದೇ ನೆಗೆತಕ್ಕೆ ಬಿಟ್ಟರೆ ಅದು ಬುಡವನ್ನೇ ಕೊರೆದುಬಿಡುತ್ತದೆ.

ಈ ಕಟ್ಟೆಯ ಕಥೆ ಇದಕ್ಕಿಂತ ಹಳೆಯ ಇನ್ನೊಂದು ಕಟ್ಟೆಯಿಂದ ಶುರುವಾಗುತ್ತದೆ. 1832ರಲ್ಲಿ ಕಾಲರಾ ನ್ಯೂಯಾರ್ಕಿನಲ್ಲಿ ಸುಮಾರು 3,500 ಜನರನ್ನು ತೆಗೆದುಕೊಂಡು ಹೋಯಿತು. 1835ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಸುಮಾರು 700 ಕಟ್ಟಡ ಸುಟ್ಟವು. ಕೊರೆಯುವ ಚಳಿಗೆ ನೀರು ಹೆಪ್ಪುಗಟ್ಟಿ ಬೆಂಕಿ ಆರಿಸುವವರ ಕೈಗೆ ಸಿಗಲಿಲ್ಲ. ಊರಿನ ಬಾವಿಗಳನ್ನು ನಂಬಿ ಇನ್ನು ಬದುಕಲಾಗದು ಎಂದು ಜನಕ್ಕೆ ಮನವರಿಕೆಯಾಯಿತು. 1837ರಿಂದ 1842ರವರೆಗೆ ಜಾನ್ ಜರ್ವಿಸ್ ಎಂಬ ಎಂಜಿನಿಯರ ಮೇಲ್ವಿಚಾರಣೆಯಲ್ಲಿ ಕ್ರೋಟನ್ ನದಿಗೆ ಕಟ್ಟೆ ಕಟ್ಟಿ, 41 ಮೈಲಿ ಉದ್ದದ ಇಟ್ಟಿಗೆಯ ಕಾಲುವೆ ಮಾಡಿ ನಗರಕ್ಕೆ ನೀರು ತಂದರು. ಪಂಪಿಲ್ಲ, ಎಂಜಿನ್ನಿಲ್ಲ. ಮೈಲಿಗೆ ಸುಮಾರು 13 ಅಂಗುಲ ಇಳಿಜಾರು, ಅಷ್ಟೇ. ನೀರು ತಾನಾಗಿ ನಡೆದು ಬಂತು.

ಮೈಲಿಗೆ 13 ಅಂಗುಲ ಎಂದರೆ ಏನೆಂದು ಮಟ್ಟ ಹಿಡಿದು ಕೆಲಸ ಮಾಡಿದವರಿಗೆ ಗೊತ್ತು. ನಿಂತು ನೋಡಿದರೆ ಆ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು 41 ಮೈಲಿ ಉದ್ದಕ್ಕೂ ಇಟ್ಟಿಗೆಯಲ್ಲಿ ಕೂರಿಸಿದವರು ಮೂರು ನಾಲ್ಕು ಸಾವಿರ ಕೂಲಿಗಳು, ಬಹುಪಾಲು ಐರ್ಲೆಂಡಿನಿಂದ ಹಡಗು ಹತ್ತಿ ಬಂದವರು. ಕೆಲಸ ಇನ್ನೂ ನಡೆಯುತ್ತಿದ್ದ 1841ರ ಜನವರಿಯಲ್ಲಿ ಹಿಮ ಕರಗಿ, ಅದರ ಮೇಲೆ ಮಳೆಯೂ ಸುರಿದು ನದಿ ಉಕ್ಕಿತು. ಕಟ್ಟೆಯ ಕಲ್ಲಿನ ಭಾಗ ನಿಂತಿತು, ಪಕ್ಕದ ಮಣ್ಣಿನ ಏರಿ ಕೊಚ್ಚಿಹೋಯಿತು. ಜೀವಹಾನಿಯಾಯಿತು. ಜರ್ವಿಸ್ ಏರಿಯ ಜಾಗದಲ್ಲೂ ಕಲ್ಲನ್ನೇ ಹಾಕಿಸಿ ಕೋಡಿಯನ್ನು ಉದ್ದ ಮಾಡಿಸಿದರು. ಈ ಏರಿಯ ವಿಷಯ ನೆನಪಿಟ್ಟುಕೊಳ್ಳಿ, ಅರವತ್ತು ವರ್ಷದ ನಂತರ ಮತ್ತೆ ಬರುತ್ತದೆ.

1840ರಲ್ಲಿ ಸುಮಾರು ಮೂರು ಲಕ್ಷ ಇದ್ದ ನಗರದ ಜನಸಂಖ್ಯೆ 1890ಕ್ಕೆ 15 ಲಕ್ಷವಾಯಿತು. ನದಿ ಹರಿಯುವ ದಿಕ್ಕಿನಲ್ಲಿ ಹಳೆಯ ಕಟ್ಟೆಗಿಂತ ಕೆಳಗಡೆ, ಅದನ್ನೇ ಮುಳುಗಿಸುವಷ್ಟು ದೊಡ್ಡದನ್ನು ಕಟ್ಟಲು ತೀರ್ಮಾನವಾಗಿ 1892ರಲ್ಲಿ ಕೆಲಸ ಆರಂಭವಾಯಿತು. ಮುಗಿದದ್ದು 1906ರಲ್ಲಿ. ಅಡಿಪಾಯದಿಂದ ತುದಿಯವರೆಗೆ 297 ಅಡಿ. ಆ ಕಾಲಕ್ಕೆ ಜಗತ್ತಿನ ಅತಿ ಎತ್ತರದ ಅಣೆಕಟ್ಟುಗಳಲ್ಲಿ ಒಂದು. ಹಿಂದೆ ನಿಲ್ಲುವ ನೀರು 1,900 ಕೋಟಿ ಗ್ಯಾಲನ್, ನಮಗೆ ರೂಢಿಯ ಲೆಕ್ಕದಲ್ಲಿ ಸುಮಾರು ಎರಡೂವರೆ ಟಿಎಂಸಿ.

ಇಂಥ ಕಟ್ಟೆ ನಿಲ್ಲುವುದು ಬರೀ ಭಾರದಿಂದ. ನೀರು ಅದನ್ನು ಎರಡು ರೀತಿಯಲ್ಲಿ ಕೆಡವಲು ನೋಡುತ್ತದೆ: ಮುಂದಕ್ಕೆ ಜಾರಿಸುವುದು, ಇಲ್ಲವೇ ಬುಡದ ಅಂಚಿನ ಮೇಲೆ ಮಗುಚುವುದು. ನೀರಿನ ಆಳ 50 ಮೀಟರ್ ಎಂದಿಟ್ಟುಕೊಳ್ಳಿ. ತಳದಲ್ಲಿ ಒಂದು ಚದರ ಮೀಟರ್ ಮೇಲೆ 50 ಟನ್ ಒತ್ತಡ. ಕಟ್ಟೆಯ ಒಂದೊಂದು ಮೀಟರ್ ಉದ್ದದ ಮೇಲೆ ಒಟ್ಟು ನೂಕು 1,250 ಟನ್. ಆಳ ಎರಡು ಪಟ್ಟಾದರೆ ಈ ನೂಕು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಕಟ್ಟೆಯ ಅಡ್ಡಕೊಯ್ತ ತ್ರಿಕೋನದಂತೆ ಕೆಳಗೆ ಅಗಲವಾಗುತ್ತಾ ಹೋಗುವುದು. ನೀರಿನ ನೂಕು, ಕಲ್ಲಿನ ಭಾರ ಎರಡೂ ಸೇರಿದ ಬಲದ ರೇಖೆ ಬುಡದ ನಡುವಿನ ಮೂರನೇ ಒಂದು ಭಾಗದಲ್ಲೇ ಇಳಿಯಬೇಕು. ಅದರಾಚೆ ಹೋದರೆ ನೀರಿನ ಕಡೆಯ ಮಗ್ಗುಲು ಎಳೆತಕ್ಕೆ ಸಿಕ್ಕುತ್ತದೆ, ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲ.

ಆ ಲೆಕ್ಕದ ಹಿಂದೆ ಆಲ್ಫೋನ್ಸ್ ಫ್ಟೆಲಿ, ಎಡ್ವರ್ಡ್ ವೆಗ್ಮನ್ ಅವರಂಥ ನುರಿತ ಎಂಜಿನಿಯರುಗಳಿದ್ದರು. ಆದರೂ ಅಂದಿನ ಲೆಕ್ಕಗಳಲ್ಲಿ ಒಂದು ಶತ್ರುವಿಗೆ ಸರಿಯಾದ ಜಾಗ ಸಿಕ್ಕಿರಲಿಲ್ಲ. ನೀರು ಮುಂದಕ್ಕೆ ನೂಕುವುದಷ್ಟೇ ಅಲ್ಲ, ಸಂದು ಸಿಕ್ಕರೆ ಒಳಗೆ ನುಗ್ಗಿ ಮೇಲಿನ ಕಲ್ಲನ್ನು ಕೆಳಗಿನಿಂದ ಎತ್ತುತ್ತದೆ. ಎತ್ತಿದಷ್ಟೂ ಕಟ್ಟೆ ಹಗುರ. ಕ್ರೋಟನ್ನಿನ ಕೆಲಸ ನಡೆಯುತ್ತಿದ್ದಾಗಲೇ, 1895ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ಬೂಜೆ ಅಣೆಕಟ್ಟು ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಮೇಲೆತ್ತುವ ಈ ಒತ್ತಡದ ಬಗ್ಗೆ ಜಗತ್ತಿನ ಎಂಜಿನಿಯರುಗಳ ಕಣ್ಣು ತೆರೆಸಿದ್ದು ಆ ದುರಂತ.

ಈಗ ಹೇಳಿ, ನೀರಿಗೆ ಸಂದು ಸಿಗದಂತೆ ಮಾಡುವವರು ಯಾರು? ನಕ್ಷೆ ಬರೆದವರಲ್ಲ.

ನದಿಯನ್ನು ಗುಡ್ಡದ ಮಗ್ಗುಲಿಗೆ ತೋಡಿದ ಕಾಲುವೆಗೆ ತಿರುಗಿಸಿ, ನದೀತಳದಿಂದ ಕೆಳಕ್ಕೆ ಸುಮಾರು 130 ಅಡಿ ಅಗೆದು ಬಂಡೆ ಮುಟ್ಟಿದರು. 297 ಅಡಿಯಲ್ಲಿ ಅಷ್ಟು ಎತ್ತರ ಇವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಗುಂಡಿಯ ತಳದಲ್ಲಿ ಬಂಡೆಯನ್ನು ಉಜ್ಜಿ ತೊಳೆದು, ಬಿರುಕು ಕೆದಕಿ ಶುಚಿ ಮಾಡಿ, ಗಾರೆ ಹಾಸಿ ಕಲ್ಲು ಇಡುತ್ತಾ ಬರಬೇಕು. ಹೊರಮೈಗೆ ಕೆತ್ತಿದ ಸೈಜುಗಲ್ಲು. ಒಳಗೆ ಡೆರಿಕ್ ಎಂಬ ಭಾರ ಎತ್ತುವ ಯಂತ್ರದಿಂದ ಇಳಿಸಿದ ದೊಡ್ಡ ದೊಡ್ಡ ಒರಟುಗಲ್ಲು. ಒಂದು ಕಲ್ಲನ್ನು ಸರಿಯಾಗಿ ಕೂರಿಸುವುದೆಂದರೆ, ಮೊದಲು ದಪ್ಪನೆಯ ಗಾರೆ ಹಾಸು, ಅದರ ಮೇಲೆ ಕಲ್ಲು, ಆಮೇಲೆ ಹಾರೆ ಹಾಕಿ ಅಲ್ಲಾಡಿಸಿ ಸುತ್ತಲೂ ಗಾರೆ ಉಕ್ಕುವವರೆಗೆ ಒತ್ತುವುದು. ಉಕ್ಕದಿದ್ದರೆ ಕೆಳಗೆ ಪೊಳ್ಳಿದೆ ಎಂದರ್ಥ; ಎತ್ತಬೇಕು, ಮತ್ತೆ ಹಾಸಬೇಕು. ನಿಂತ ಸಂದುಗಳಿಗೆ ಚಕ್ಕೆಕಲ್ಲು, ಗಾರೆ ಸೇರಿಸಿ ಜಡಿಯಬೇಕು. ಹೀಗೆ ಎಂಟೂವರೆ ಲಕ್ಷ ಘನ ಗಜ. ಸುಮಾರು 15 ಲಕ್ಷ ಟನ್ ಭಾರ, ಒಂದೊಂದು ಕಲ್ಲಿನಂತೆ.

ಒಂದು ಕಲ್ಲು ಎತ್ತಿ ಮತ್ತೆ ಕೂರಿಸಲು ಹಿಡಿಯುವ ಹೊತ್ತಿನಲ್ಲಿ ಇನ್ನೊಂದು ಕಲ್ಲು ಇಡಬಹುದು. ಮೇಲಿನವರು ಬಂದು ಅಳೆಯುವುದು ಎಷ್ಟು ಗಜ ಏರಿದೆ ಎಂದು. ಒಳಗಿನ ಪೊಳ್ಳು ಅಳತೆಗೆ ಸಿಗುವುದಿಲ್ಲ. ಅದನ್ನು ಬಲ್ಲವನು ಕರಣೆ ಹಿಡಿದವನೊಬ್ಬನೇ.

ಕ್ರೋಟನ್ನಿನಲ್ಲಿ ಕರಣೆ, ಚಾಣ, ಹಾರೆ ಹಿಡಿದವರಲ್ಲಿ ಬಹಳ ಮಂದಿ ಇಟಲಿಯಿಂದ, ಅದರಲ್ಲೂ ಅದರ ಬಡ ದಕ್ಷಿಣದಿಂದ ಬಂದವರು. ಊರು ಬಿಟ್ಟು ಬರುವಾಗ ಕಲ್ಲಿನ ಕೆಲಸವನ್ನು ಕೈಯಲ್ಲೇ ತಂದವರೂ ಇದ್ದರು, ಹೊಲ ಬಿಟ್ಟು ಬಂದು ಇಲ್ಲೇ ಕಲಿತವರೂ ಇದ್ದರು. ಭಾಷೆ ಬಾರದವರಿಗೆ ಕೆಲಸ ಕೊಡಿಸುತ್ತಿದ್ದವನು 'ಪದ್ರೋನೆ', ಅವರದೇ ನಾಡಿನ ದಲ್ಲಾಳಿ. ಕೆಲಸ ಕೊಡಿಸಿದ್ದಕ್ಕೆ ಕೂಲಿಯಲ್ಲಿ ಪಾಲು ಮುರಿದುಕೊಳ್ಳುವುದು, ಅಂಗಡಿ ಸಾಮಾನನ್ನೂ ಅವನ ಹತ್ತಿರವೇ ಕೊಳ್ಳುವಂತೆ ಮಾಡುವುದು ಆ ವ್ಯವಸ್ಥೆಯ ದಾರಿ. ಕಟ್ಟೆಯ ಪಕ್ಕದಲ್ಲಿ ಹಲಗೆಯ ಜೋಪಡಿಗಳ ಕೇರಿ ಎದ್ದಿತು.

1895ರಲ್ಲಿ ಕ್ರೋಟನ್ ಜಲಾಶಯದ ಕೆಲಸಕ್ಕೆ ಆಳು ಬೇಕೆಂದು ಹೊರಟ ಒಂದು ಪ್ರಕಟಣೆಯನ್ನು ಇಟಾಲಿಯನ್ ವಲಸಿಗರ ಚರಿತ್ರೆ ಬರೆಯುವವರು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಒಂದೇ ಸಾಮಾನ್ಯ ಕೂಲಿಗೆ ಅದರಲ್ಲಿ ಮೂರು ದರ. ಬಿಳಿಯರಿಗೆ ದಿನಕ್ಕೆ 1.30ರಿಂದ 1.50 ಡಾಲರ್. ಕಪ್ಪು ಜನರಿಗೆ 1.25ರಿಂದ 1.40. ಇಟಾಲಿಯನ್ನರಿಗೆ 1.15ರಿಂದ 1.25. ಮನುಷ್ಯರನ್ನು ಹೀಗೆ ದರಪಟ್ಟಿಯಲ್ಲಿ ಮೇಲೆ ಕೆಳಗೆ ಜೋಡಿಸಿದ್ದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಟ್ಟೆಯ ಒಳಸಂದು ಭದ್ರವಾಗಿರುವುದು ಯಾರ ಕೈಯಲ್ಲಿತ್ತೋ ಅವರಿಗೇ ಅತಿ ಕಡಿಮೆ ದರ.

1900ರ ಏಪ್ರಿಲ್‌ನಲ್ಲಿ ಅವರು ಕೆಲಸ ನಿಲ್ಲಿಸಿದರು. ಸರ್ಕಾರಿ ಕಾಮಗಾರಿಗೆ ದಿನಕ್ಕೆ ಎಂಟು ಗಂಟೆ ದುಡಿಮೆ ಎಂಬ ಕಾನೂನು ನ್ಯೂಯಾರ್ಕ್ ರಾಜ್ಯದಲ್ಲಿ ಆಗಲೇ ಇತ್ತು. 1.25 ಡಾಲರ್ ಕೂಲಿಯನ್ನು 1.50ಕ್ಕೆ ಏರಿಸಿ ಎಂಬುದು ಬೇಡಿಕೆ. ದಿನಕ್ಕೆ 25 ಸೆಂಟ್. ಗವರ್ನರ್ ಆಗಿದ್ದ ಥಿಯೋಡರ್ ರೂಸ್ವೆಲ್ಟ್ ಸೈನಿಕರನ್ನು ಕಳುಹಿಸಿದರು, ಕುದುರೆ ಪಡೆಯೂ ಬಂತು. ರಾತ್ರಿ ಪಹರೆಯಲ್ಲಿದ್ದ ಸಾರ್ಜೆಂಟ್ ರಾಬರ್ಟ್ ಡಗ್ಲಸ್ ಗುಂಡೇಟಿಗೆ ಸತ್ತರು. ಜೋಪಡಿಗಳ ಶೋಧ, ಬಂಧನ ನಡೆದು, ಆ ತಿಂಗಳು ಮುಗಿಯುವ ಹೊತ್ತಿಗೆ ಬಂದೂಕಿನ ಕಾವಲಿನಲ್ಲಿ ಕೆಲಸ ಮತ್ತೆ ಶುರುವಾಯಿತು.

ಇದನ್ನು ಕಾರ್ಮಿಕ ಚರಿತ್ರೆಯ ಅಧ್ಯಾಯವೆಂದು ಓದುತ್ತಾರೆ. ನಾನು ಇದನ್ನು ಅಣೆಕಟ್ಟಿನ ಸುರಕ್ಷತೆಯ ಕಡತದಲ್ಲೂ ಇಡುತ್ತೇನೆ. ಹೊಟ್ಟೆ ತುಂಬದವನ ಕೈಗೆ ಕರಣೆ ಕೊಟ್ಟು, ಹಿಂದೆ ನಿಂತು ಬೇಗ ಬೇಗ ಎಂದರೆ ಗಾರೆ ಎಲ್ಲಿಗೆ ತಲುಪುತ್ತದೆ, ಎಲ್ಲಿಗೆ ತಲುಪುವುದಿಲ್ಲ ಎಂಬುದನ್ನು ಕಲ್ಲು ಬಿಚ್ಚಿ ನೋಡಿದವನು ನಾನು. ಕ್ರೋಟನ್ನಿನ ಕೂಲಿಗಳು ಅಷ್ಟು ಕಡಿಮೆ ಕೂಲಿಗೆ ಅಷ್ಟು ಚೊಕ್ಕವಾಗಿ ಕೆಲಸ ಮಾಡಿದರು ಎಂಬುದು ಅವರ ದೊಡ್ಡತನ. ಅದನ್ನು ನಂಬಿಕೊಂಡು ಯಾವ ಕಟ್ಟೆಗೂ ಅಂದಾಜುಪಟ್ಟಿ ಬರೆಯಬಾರದು.

ಮಣ್ಣಿನ ಏರಿಯ ವಿಷಯ ಹೇಳಿದ್ದೆ. ಹೊಸ ಕಟ್ಟೆಯ ಮೂಲ ನಕ್ಷೆಯಲ್ಲೂ ಒಂದು ಭಾಗ ಮಣ್ಣಿನದೇ ಇತ್ತು. ಅರ್ಧ ಕೆಲಸವಾದ ಮೇಲೆ, 1901–02ರ ಹೊತ್ತಿಗೆ, ಅದನ್ನು ಕೈಬಿಟ್ಟು ಅಲ್ಲೂ ಕಲ್ಲನ್ನೇ ಮುಂದುವರಿಸುವ ತೀರ್ಮಾನವಾಯಿತು. ಖರ್ಚು, ಸಮಯ ಎರಡೂ ಏರಿದವು. ನನ್ನ ಮಟ್ಟಿಗೆ ಇದು ಈ ಯೋಜನೆಯ ಅತ್ಯಂತ ಧೈರ್ಯದ ನಿರ್ಧಾರ. ಮಾಡಿದ್ದನ್ನು ಬದಲಿಸುವುದು ನಮ್ಮ ವೃತ್ತಿಯಲ್ಲಿ ಸುಲಭವಲ್ಲ.

ನೀರು ನಿಲ್ಲುವ ಜಾಗದಲ್ಲಿದ್ದ ಊರುಗಳು ಎದ್ದು ಹೋಗಬೇಕಾಯಿತು. ಕಟೋನಾ ಎಂಬ ಹಳ್ಳಿಯವರು ಹತ್ತಾರು ಮರದ ಮನೆಗಳನ್ನು ಹಾಗೇ ಎತ್ತಿ, ಸೋಪು ಸವರಿದ ತೊಲೆಗಳ ಮೇಲೆ ಕುದುರೆಗಳಿಂದ ಎಳೆಸಿ ಹೊಸ ಜಾಗದಲ್ಲಿ ಕೂರಿಸಿದರು. ಗೋರಿಗಳನ್ನೂ ತೆಗೆದು ಸಾಗಿಸಿದರು. ಐರಿಷ್ ಕೂಲಿಗಳು ಕಟ್ಟಿದ ಹಳೆಯ ಕಟ್ಟೆ ಹೊಸ ಜಲಾಶಯದ ನೀರಿನಡಿ ಉಳಿಯಿತು.

ಕ್ರೋಟನ್ನಿನ ಎಂಜಿನಿಯರುಗಳ ಹೆಸರು ಪುಸ್ತಕಗಳಲ್ಲಿವೆ, ಗುತ್ತಿಗೆದಾರರ ಹೆಸರೂ ಇದೆ. ಆದರೆ ಗೋಡೆಯ ಯಾವುದೋ ಒಂದು ಕಲ್ಲಿಗೆ ಬೆರಳಿಟ್ಟು ಇದನ್ನು ಕೂರಿಸಿದವರು ಯಾರು ಎಂದರೆ ಗೋಡೆ ಉತ್ತರ ಕೊಡುವುದಿಲ್ಲ.

ನನ್ನ ಕೈಕೆಳಗೆ ನಡೆಯುವ ದುರಸ್ತಿಗಳಲ್ಲಿ ಈಗ ಅಳತೆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೋಟ್‌ಬುಕ್ ಇಡುತ್ತೇನೆ. ಯಾವ ಸಾಲು, ಯಾವ ಸಂದು, ಯಾವ ದಿನ, ಯಾರು ಮಾಡಿದ್ದು ಎಂದು ಬರೆಯುತ್ತೇವೆ. ಮೊದಲ ಸಲ ಹೆಸರು ಕೇಳಿದಾಗ ಮೇಸ್ತ್ರಿಯೊಬ್ಬರು ಗಾಬರಿಯಾಗಿ, "ಏನಾದ್ರೂ ತಪ್ಪಾಯ್ತಾ ಸಾರ್?" ಅಂದರು. "ತಪ್ಪೇನಿಲ್ಲ ಮೇಸ್ತ್ರಿ, ನಾಳೆ ಸುತ್ತಿಗೆ ಹಿಡಿದು ಬರೋವ್ರಿಗೆ ಇದು ಯಾರ ಕೈ ಅಂತ ಗೊತ್ತಿರಲಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಹೆಸರು ಹೇಳಿದರು. ಆಮೇಲೆ ಕೆಳಗೆ ಗಾರೆ ಕಲಸುತ್ತಿದ್ದ ಹೆಂಗಸಿನ ಕಡೆ ಕೈ ತೋರಿಸಿ, "ಹದ ಅವಳದು ಸಾರ್, ಅವಳ ಹೆಸರೂ ಬರ್ಕೊಳಿ" ಅಂದರು.