ಒಂದು ದ್ವಾರಕೆ, ಮೂರು ತಾರೀಖು

ವರ್ಷಕ್ಕೆ ಒಂದೆರಡು ಸಲವಾದರೂ ಆ ವಿಡಿಯೊ ಮೊಬೈಲಿಗೆ ಬಂದು ಬೀಳುತ್ತದೆ. ನೀಲಿ ನೀರು, ಪಾಚಿಗಟ್ಟಿದ ಕಂಬಸಾಲು, ಹಿನ್ನೆಲೆಗೆ ಕೊಳಲು, ಕೆಳಗೆ ‘ಸಮುದ್ರದಡಿ ಸಿಕ್ಕ ಶ್ರೀಕೃಷ್ಣನ ದ್ವಾರಕೆ’ ಎಂಬ ಒಕ್ಕಣೆ. ಆ ಕಂಬಗಳು ಕಂಪ್ಯೂಟರಿನಲ್ಲಿ ಎದ್ದವು ಎನ್ನುವುದು ಹಾಗಿರಲಿ. ಕಳೆದ ಸಲ ನಮ್ಮ ಮನೆಯವರ ಗುಂಪಿನಲ್ಲಿ ಅದು ಬಂದಾಗ ಚಿಕ್ಕಪ್ಪನ ತಕರಾರು ಬೇರೆಯೇ ಇತ್ತು: ‘ಇದರಲ್ಲಿ ಒಂಬತ್ತು ಸಾವಿರ ವರ್ಷ ಅಂತಿದೆ. ಹಿಂದೆ ಪೇಪರಿನಲ್ಲಿ ಮೂರೂವರೆ ಸಾವಿರ ಅಂತ ಓದಿದ ನೆನಪು. ಪಂಚಾಂಗದ ಲೆಕ್ಕ ಐದು ಸಾವಿರ ಚಿಲ್ಲರೆ. ಯಾವುದನ್ನ ನಂಬೋದು ಮಾರಾಯ?’

ಮೂರು ಲೆಕ್ಕಕ್ಕೂ ಮೂರು ಬೇರೆ ಬೇರೆ ಮೂಲಗಳಿವೆ. ಒಂದು ಕಲಿಯುಗದ ಗಣಿತ, ಒಂದು ದ್ವೀಪವೊಂದರ ಮಡಕೆ ಚೂರು, ಇನ್ನೊಂದು ದ್ವಾರಕೆಯ ಕಡಲಿನದೇ ಅಲ್ಲದ ಮರದ ತುಂಡು. ಇವು ಒಂದಕ್ಕೊಂದು ಯಾವಾಗ ಸಿಕ್ಕು ಹಾಕಿಕೊಂಡವು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಜರಾಸಂಧನ ಕಾಟ ತಾಳಲಾರದೆ ಕೃಷ್ಣ ಮಥುರೆಯನ್ನು ಬಿಟ್ಟು ಯಾದವರನ್ನು ಪಡುವಣ ಕಡಲಿಗೆ ಕರೆತಂದ. ಸಮುದ್ರರಾಜ ಹಿಂದೆ ಸರಿದು ಹನ್ನೆರಡು ಯೋಜನ ನೆಲ ಬಿಟ್ಟುಕೊಟ್ಟ, ವಿಶ್ವಕರ್ಮ ಊರು ಕಟ್ಟಿದ ಎನ್ನುತ್ತದೆ ಹರಿವಂಶ. ಕೊನೆಯೂ ಕಡಲಿನದೇ. ಯಾದವರು ಪ್ರಭಾಸದಲ್ಲಿ ತಮ್ಮತಮ್ಮೊಳಗೇ ಹೊಡೆದಾಡಿ ಸತ್ತ ಮೇಲೆ, ಉಳಿದವರನ್ನು ಅರ್ಜುನ ಕರೆದುಕೊಂಡು ಹೊರಟಾಗ, ಜನ ಬಿಟ್ಟ ಬಿಟ್ಟ ಭಾಗವನ್ನು ನೀರು ನುಂಗುತ್ತ ಬಂತು. ಮೌಸಲಪರ್ವದ ಆ ಚಿತ್ರ ಮೈ ಜುಮ್ಮೆನಿಸುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೇ ಕಥೆ ಮುಗಿಸಿದ್ದರಿಂದ ಗಮಕ ಕೇಳಿ ಬೆಳೆದ ನಮ್ಮವರಿಗೆ ದ್ವಾರಕೆ ಮುಳುಗಿದ್ದು ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಜೈನರ ಹರಿವಂಶದಲ್ಲಂತೂ ಊರು ಮುಳುಗುವುದೇ ಇಲ್ಲ. ಕುಡಿದ ಯಾದವ ಹುಡುಗರು ಕೆಣಕಿದ ದ್ವೈಪಾಯನನ ಸಿಟ್ಟಿಗೆ ಸುಟ್ಟು ಬೂದಿಯಾಗುತ್ತದೆ. ಒಂದೇ ಊರಿಗೆ ನೀರಿನ ಸಾವೊಂದು, ಬೆಂಕಿಯ ಸಾವೊಂದು.

ಇಲ್ಲದ ಊರಿಗೆ ವಾರಸುದಾರರು ಮಾತ್ರ ಬಹಳ. ಹೊಯ್ಸಳರ ಶಾಸನ ತೆರೆದರೆ ‘ದ್ವಾರಾವತೀಪುರವರಾಧೀಶ್ವರಂ ಯಾದವಕುಳಾಂಬರದ್ಯುಮಣಿ’ ಎಂಬ ಬಿರುದು ಎದುರಾಗುತ್ತದೆ. ಮೂಡಿಗೆರೆ ಕಡೆಯ ಅಂಗಡಿಯಿಂದ ಮೇಲೆ ಬಂದ ಮಲೆನಾಡಿನ ಅರಸರು ತಮ್ಮನ್ನು ಗುಜರಾತಿನ ಕಡಲೂರಿನ ಒಡೆಯರೆಂದು ಕರೆದುಕೊಂಡರು. ಆಗಿನ ರೂಢಿಯೇ ಅದು. ಸವದತ್ತಿಯ ರಟ್ಟರು ಲತ್ತಲೂರಿನವರು, ಶಿಲಾಹಾರರು ತಗರದವರು, ಗೋವೆಯ ಕದಂಬರು ಬನವಾಸಿಯವರು. ಮೂಲ ಊರಿನ ಹೆಸರು ಬೆನ್ನಿಗಿಲ್ಲದ ಮಹಾಮಂಡಳೇಶ್ವರನಿಗೆ, ಅಂದರೆ ಸಾಮಂತ ಅರಸನಿಗೆ, ಗೌರವವಿಲ್ಲ. ದೇವಗಿರಿಯ ಸೇವುಣರಿಗೂ ಇದೇ ದ್ವಾರಾವತಿ ಬೇಕಾಯಿತು. ಒಂದೇ ಊರಿನ ಬಿರುದು ಹೊತ್ತ ಇಬ್ಬರು ತುಂಗಭದ್ರೆಯ ಆಚೀಚೆ ಕಾದಾಡಿದರು. 1399ರಲ್ಲಿ ಮೈಸೂರಿಗೆ ಬಂದ ಯದುರಾಯನೂ ದ್ವಾರಕೆಯ ಕಡೆಯವನೆಂದೇ ಅರಮನೆಯ ಪರಂಪರೆ ಹೇಳುತ್ತದೆ.

ಇನ್ನು ಉಡುಪಿ. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದ್ದು, ಹಡಗಿನವನು ಕೊಟ್ಟ ಗೋಪೀಚಂದನದ ಹೆಂಟೆಯೊಳಗೆ ದ್ವಾರಕೆಯ ಕೃಷ್ಣ ಇದ್ದದ್ದು ಕರಾವಳಿಯಲ್ಲಿ ಮಕ್ಕಳಿಗೂ ಬಾಯಿಪಾಠ. ಗೋಪೀಚಂದನ ಈಗಲೂ ಬರುವುದು ದ್ವಾರಕೆಯ ಹತ್ತಿರದ ಗೋಪಿ ತಲಾವ್ ಎಂಬ ಕೆರೆಯ ಕಡೆಯಿಂದಲೇ. ನಮ್ಮಜ್ಜನ ದೇವರ ಕೋಣೆಯಲ್ಲಿ ಅದರ ಒಂದು ಗಟ್ಟಿ ಇತ್ತು. ಅಂಗೈಯಲ್ಲಿ ನಾಲ್ಕು ಹನಿ ನೀರು ಹಾಕಿ ಉಜ್ಜಿದರೆ ಮೊಸರಿನಂತೆ ನುಣ್ಣಗೆ ಬಿಡುವ ತಿಳಿಹಳದಿ ಮಣ್ಣು. ಕಥೆಯನ್ನು ಪವಾಡವೆಂದು ಓದಿ, ಬೇಡ, ಹಡಗಿನ ಸರಕೆಂದು ಓದಿ. 13ನೇ ಶತಮಾನದಲ್ಲಿ ಸೌರಾಷ್ಟ್ರಕ್ಕೂ ತುಳುನಾಡಿಗೂ ಹಡಗಿನ ಓಡಾಟವಿತ್ತು ಎಂಬುದನ್ನು ಅದು ಕಟ್ಟಿಟ್ಟುಕೊಂಡಿದೆ. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ಮೊದಲ ತಾರೀಖು. ಕೃಷ್ಣ ಹೋದ ದಿನವೇ ಕಲಿ ಕಾಲಿಟ್ಟ ಎಂಬುದು ನಂಬಿಕೆ, ಕಲಿಯುಗ ಹುಟ್ಟಿದ್ದು ಕ್ರಿ.ಪೂ. 3102ರಲ್ಲಿ ಎಂಬುದು ಜ್ಯೋತಿಷಿಗಳ ಗಣಿತ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಇದೇ ಲೆಕ್ಕ ಹಿಡಿದು, ಶಕ 556ಕ್ಕೆ ಸರಿಯಾಗಿ ಭಾರತ ಯುದ್ಧವಾಗಿ 3,735 ವರ್ಷ ಕಳೆಯಿತೆಂದು ಬರೆಸಿದ. ಚಿಕ್ಕಪ್ಪನ ಪಂಚಾಂಗದ ‘ಐದು ಸಾವಿರ ಚಿಲ್ಲರೆ’ ಇದೇ. ಇದರಲ್ಲಿ ಅಗೆದು ತೆಗೆದದ್ದು ಏನೂ ಇಲ್ಲ.

ಅಗೆಯುವ ಕೆಲಸ ಶುರುವಾದದ್ದು 1963ರಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನವರು ದ್ವಾರಕೆಯ ನೆಲದಲ್ಲಿ ಗುಂಡಿ ತೋಡಿದರು. ಕೆಳಗೆ ಹೋದಷ್ಟೂ ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಎರಡು ಸಾವಿರ ವರ್ಷದ ಊರು. ಅಲ್ಲಿಗೇ ನಿಲ್ಲಬಹುದಾಗಿದ್ದ ವಿಷಯವನ್ನು ಮತ್ತೆ ಕೈಗೆತ್ತಿಕೊಂಡವರು ನಮ್ಮ ಆನಂದಪುರದವರು.

ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಹುಟ್ಟಿದ ಶಿಕಾರಿಪುರ ರಂಗನಾಥ ರಾವ್, ಲೋಥಲ್ ಅಗೆದ ಎಸ್.ಆರ್. ರಾವ್. ಹರಪ್ಪ ಕಾಲದ ಆ ಬಂದರೂರನ್ನು 1950ರ ದಶಕದಲ್ಲಿ ಹೊರತೆಗೆದು ಹೆಸರಾದವರು. ಭಾರತೀಯ ಪುರಾತತ್ವ ಸರ್ವೇಕ್ಷಣೆಯಲ್ಲಿ ಸೇವೆಯ ಕೊನೆಯ ದಿನಗಳು, 1979–80. ದ್ವಾರಕಾಧೀಶ ಗುಡಿಯ ಮುಂದಿನ ಅಂಗಳದಲ್ಲಿ ಅಗೆಸಿದಾಗ ಈಗಿನ ಗುಡಿಗಿಂತ ಹಳೆಯ ಗುಡಿಗಳ ಅವಶೇಷ ಒಂದರ ಕೆಳಗೊಂದು ಸಿಕ್ಕವು. ಅವುಗಳಲ್ಲಿ ಒಂದು 9ನೇ ಶತಮಾನದ ವಿಷ್ಣು ದೇವಾಲಯ. ಇನ್ನೂ ಕೆಳಗೆ, ಕಡಲ ಹೊಡೆತಕ್ಕೆ ಸಿಕ್ಕಿದ ಗುರುತಿನ ಜೊತೆ, ಮಿರಿಮಿರಿ ಕೆಂಪು ಮಡಕೆಯ ಚೂರುಗಳು. ಊರಿನ ಉಳಿದ ಭಾಗ ನೀರಿನಲ್ಲಿರಬೇಕು ಎಂದು ರಾವ್ ತೀರ್ಮಾನಿಸಿದರು.

ನಿವೃತ್ತಿಯ ಮೇಲೆ ಕಡಲಿಗಿಳಿಯುವವರು ಕಡಿಮೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ರಾವ್ ನೇತೃತ್ವದಲ್ಲಿ ಕಡಲ ಪುರಾತತ್ವದ ಕೇಂದ್ರ ಶುರುವಾಯಿತು. ಆಗ ನಮ್ಮ ದೇಶದಲ್ಲಿ ಮುಳುಗುವುದು ಬಲ್ಲ ಪುರಾತತ್ವಜ್ಞರೂ ಇರಲಿಲ್ಲ, ಪುರಾತತ್ವ ಬಲ್ಲ ಮುಳುಗುಗಾರರೂ ಇರಲಿಲ್ಲ. ಮಳೆಗಾಲ ಮುಗಿದು ಕಡಲು ತಣಿದ ತಿಂಗಳುಗಳಲ್ಲಿ ಮಾತ್ರ ಕೆಲಸ. ಗೋಮತಿ ನದಿ ಕಡಲು ಸೇರುವಲ್ಲಿ ಸಮುದ್ರನಾರಾಯಣನ ಗುಡಿಯಿದೆ. ಅದರ ಎದುರಿನ ನೀರಿನಲ್ಲೇ ಹೆಚ್ಚಿನ ಹುಡುಕಾಟ. ಆಳ ಬಹಳವಿಲ್ಲ, ಆದರೆ ಅಲೆಯ ಎಳೆತ, ಮೇಲೆದ್ದ ಮರಳು, ಕಲ್ಲಿಗೆಲ್ಲ ಮೆತ್ತಿಕೊಂಡ ಪಾಚಿ. ಪಾಚಿ ಕೆರೆದು ನೋಡುವ ತನಕ ಕಡಿದ ಕಲ್ಲು ಯಾವುದು, ಬಂಡೆ ಯಾವುದು ಎಂದು ಹೇಳುವಂತಿಲ್ಲ.

ಸಿಕ್ಕಿದ್ದು ಕಡಿಮೆಯೇನಲ್ಲ. ಕಡಿದು ಜೋಡಿಸಿದ ಕಲ್ಲುಗಳು, ಅರೆವೃತ್ತದ ಕಟ್ಟೋಣ, ಕೋಟೆಯ ಕೊತ್ತಳದಂಥ ಗುಡ್ಡೆಗಳು. ಅಡಿಪಾಯಕ್ಕೆ ದೊಡ್ಡ ಗುಂಡುಕಲ್ಲು ತುಂಬಿದ್ದನ್ನು ನೋಡಿ, ಸಮುದ್ರ ನೆಲ ಬಿಟ್ಟುಕೊಟ್ಟಿತು ಎಂಬ ಹರಿವಂಶದ ಮಾತಿನ ಅರ್ಥ ಇದೇ, ಕಡಲಿನಿಂದ ನೆಲ ಗೆದ್ದು ಊರು ಕಟ್ಟಿದ್ದಾರೆ ಎಂದರು ರಾವ್. ಓಖಾದ ಆಚೆಗಿನ ಬೆಟ್ ದ್ವಾರಕಾ ದ್ವೀಪದಲ್ಲಿ ಉಗುರಿಗಿಂತ ತುಸು ದೊಡ್ಡದಾದ ಒಂದು ಶಂಖದ ಮುದ್ರೆ ಸಿಕ್ಕಿತು. ಅದರಲ್ಲಿ ಒಂದೇ ಮೈಗೆ ಮೂರು ತಲೆಯ ಪ್ರಾಣಿ, ಹರಪ್ಪದವರ ಕೈಚಳಕದ್ದು. ಸಾಲ್ವ ದ್ವಾರಕೆಗೆ ಮುತ್ತಿಗೆ ಹಾಕಿದಾಗ ಮುದ್ರೆಯಿಲ್ಲದವರನ್ನು ಹೊರಗೂ ಬಿಡುತ್ತಿರಲಿಲ್ಲ, ಒಳಗೂ ಬಿಡುತ್ತಿರಲಿಲ್ಲ ಎಂದು ವನಪರ್ವದಲ್ಲಿದೆ. ಮುದ್ರೆಗೂ ಕಥೆಗೂ ಗಂಟು ಬಿತ್ತು. ಅದೇ ದ್ವೀಪದ ಮಡಕೆ ಚೂರಿನ ಕಾಲ ಅಳೆದಾಗ ಸುಮಾರು 3,500 ವರ್ಷ ಬಂತು. ಚಿಕ್ಕಪ್ಪ ಪೇಪರಿನಲ್ಲಿ ಓದಿದ ಎರಡನೇ ತಾರೀಖು ಅದು.

ಇಲ್ಲೊಂದು ಸೂಕ್ಷ್ಮವಿದೆ. ಮಡಕೆ ಸಿಕ್ಕಿದ್ದು ಬೆಟ್ ದ್ವಾರಕಾದಲ್ಲಿ. ನೀರಿನಡಿಯ ಕಟ್ಟಡದ ಕಲ್ಲುಗಳಿದ್ದದ್ದು, ಅಲ್ಲಿಂದ ಮೂವತ್ತು ಕಿಲೊಮೀಟರ್ ದೂರದ ದ್ವಾರಕೆಯಲ್ಲಿ. ಕಲ್ಲಿಗೆ ಕಾರ್ಬನ್ ಪರೀಕ್ಷೆ ನಡೆಯುವುದಿಲ್ಲ. ನೆಲದಲ್ಲಾದರೆ ಮಣ್ಣಿನ ಪದರ ನೋಡಿ ಕಾಲ ಹೇಳಬಹುದು. ಅಲೆ ದಿನವೂ ಕಲಕುವ ಜಾಗದಲ್ಲಿ ಪದರವೆಲ್ಲಿ ಬಂತು? ಹೀಗೆ ಒಂದರ ವಯಸ್ಸು ಇನ್ನೊಂದರ ಲೆಕ್ಕಕ್ಕೆ ಜಮೆಯಾಯಿತು. ಪತ್ರಿಕೆಗಳಿಗೂ ಓದುವ ನಮಗೂ ಅದೇ ಬೇಕಿತ್ತು.

ಲಂಗರುಗಳ ಸುದ್ದಿ ಮಾತ್ರ ಯಾರಿಗೂ ಬೇಕಾಗಲಿಲ್ಲ. ದ್ವಾರಕೆಯ ಎದುರಿನ ಕಡಲಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ಲಂಗರುಗಳು ಬಿದ್ದಿವೆ. ಕೆಲವು ತ್ರಿಕೋನದ ದಪ್ಪ ಚಪ್ಪಡಿಗಳು. ಮೇಲ್ತುದಿಯಲ್ಲಿ ಒಂದು ದುಂಡು ತೂತು, ಅದು ಹಗ್ಗಕ್ಕೆ. ಕೆಳಗೆ ಚೌಕದ ಎರಡು ತೂತು. ಅವುಗಳಲ್ಲಿ ಮರದ ಗೂಟ ತೂರಿಸಿದರೆ ಗೂಟ ಮರಳಿಗೆ ಕಚ್ಚಿ ಹಡಗನ್ನು ಹಿಡಿಯುತ್ತದೆ. ಇನ್ನು ಕೆಲವು ಉದ್ದನೆಯ ಕಂಬದಾಕಾರದವು. ಅಂಥವನ್ನು ಅರಬರೊಂದಿಗಿನ ವ್ಯಾಪಾರದ ಕಾಲದ ಬಂದರುಗಳಲ್ಲೆಲ್ಲ ಕಾಣಬಹುದು. ಬಂಡೆಯ ಸಂದಿಗೆ ಸಿಕ್ಕಿದ ಲಂಗರನ್ನು ಮೇಲೆತ್ತಲಾಗದೆ ಹಗ್ಗ ಕಡಿದು ಹೋದ ನಾವಿಕ ಎಷ್ಟು ಬೈದಿರಬೇಡ! ಒಂದೊಂದು ಲಂಗರೂ ಅಲ್ಲಿ ಒಂದು ಹಡಗು ನಿಂತಿತ್ತು ಎಂಬುದಕ್ಕೆ ರಸೀದಿ.

1990ರ ದಶಕದ ಕೊನೆಯಿಂದ ಅದೇ ಗೋವಾ ಸಂಸ್ಥೆಯ ಎ.ಎಸ್. ಗೌರ್, ಸುಂದರೇಶ್ ಮುಂತಾದವರು ಮತ್ತೆ ಇಳಿದು ಅಳೆದು, ಹಿಂದಿನ ಓದನ್ನು ತಿದ್ದಿದರು. ದ್ವಾರಕೆಯ ನೀರಿನಡಿಯ ಕಲ್ಲುಗಳು ಮುಳುಗಿದ ನಗರದವಲ್ಲ, ಚಾರಿತ್ರಿಕ ಕಾಲದ ಬಂದರಿನವು; ಹಡಗು ಕಟ್ಟುವ ಧಕ್ಕೆಯಂಥ ಕಟ್ಟೋಣದವು. ಬೆಟ್ ದ್ವಾರಕಾದ ಹರಪ್ಪೋತ್ತರ, ಅಂದರೆ ಹರಪ್ಪದ ಕೊನೆಗಾಲದ, ನೆಲೆ ನಿಜ, ಅದು ಬೇರೆ ಸಂಗತಿ. ಆ ದ್ವೀಪದ ಸುತ್ತಿನ ನೀರಿನಲ್ಲಿ ರೋಮನ್ ಆಂಫೊರಾದ ಚೂರುಗಳೂ ಸಿಕ್ಕವು, ಅಂದರೆ ದ್ರಾಕ್ಷಾರಸ, ಎಣ್ಣೆ ತುಂಬಿ ತರುತ್ತಿದ್ದ ಎರಡು ಹಿಡಿಯ ಹೂಜಿಗಳದ್ದು. ಹರಪ್ಪದ ಶಂಖ, ರೋಮಿನ ಹೂಜಿ, ಅರಬರ ಕಾಲದ ಲಂಗರು, ಮಧ್ವರ ಹಡಗು: ಹೆಚ್ಚುಕಡಿಮೆ ಮೂರು ಸಾವಿರ ವರ್ಷ ಹಡಗುಗಳು ಬಂದುಹೋದ ತೀರ. ಇದು ಸಣ್ಣ ಸುದ್ದಿಯೇ? ಕೃಷ್ಣನ ಅರಮನೆ ಅಲ್ಲವಾದ್ದರಿಂದ ಒಳಪುಟಕ್ಕೂ ಬರಲಿಲ್ಲ.

ಅಷ್ಟರಲ್ಲಿ ಮೂರನೇ ತಾರೀಖು ಬಂದು ಎಲ್ಲವನ್ನೂ ಕಲಸಿಬಿಟ್ಟಿತ್ತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಖಂಭಾತ್ ಕೊಲ್ಲಿಯಲ್ಲಿ ನೀರಿನ ಮಾಲಿನ್ಯ ನೋಡಲು ಹೋಗಿದ್ದರು. ಶಬ್ದದ ಅಲೆ ಕಳಿಸಿ ಕಡಲ ತಳವನ್ನು ಚಿತ್ರಿಸುವ ಸೋನಾರ್‌ನ ಚಿತ್ರಗಳಲ್ಲಿ, ಮೂವತ್ತು ನಲವತ್ತು ಮೀಟರ್ ಆಳದಲ್ಲಿ, ಚೌಕಚೌಕವಾದ ಆಕೃತಿಗಳು ಕಂಡವು. ತಳದಿಂದ ಬಾಚಿ ತೆಗೆದ ವಸ್ತುಗಳಲ್ಲಿ ಒಂದು ಮರದ ತುಂಡಿಗೆ ಕ್ರಿ.ಪೂ. 7500ರ ಸುಮಾರಿನ ಕಾಲ ಬಂತು. 2002ರ ಜನವರಿಯಲ್ಲಿ ಅದನ್ನು ಕೇಂದ್ರ ಸಚಿವರೇ ಪ್ರಕಟಿಸಿದರು. ಮರ ಹಳೆಯದಿರಬಹುದು, ಹಳೆಯ ಮರದ ಪಕ್ಕದಲ್ಲಿರುವುದೆಲ್ಲ ಹಳೆಯ ಊರಾಗಬೇಕಿಲ್ಲ, ಅದರಲ್ಲೂ ದೇಶದಲ್ಲೇ ಅತಿ ಜೋರಿನ ಉಬ್ಬರವಿಳಿತವಿರುವ, ಏನನ್ನೂ ಎಲ್ಲಿಂದೆಲ್ಲಿಗೋ ಹೊತ್ತೊಯ್ಯುವ ಕೊಲ್ಲಿಯಲ್ಲಿ ಎಂದು ಪುರಾತತ್ವಜ್ಞರು ತಕರಾರೆತ್ತಿದರು. ಅದು ಉತ್ತರ ಸಿಗದೆ ಹಾಗೇ ಉಳಿಯಿತು. ನಕ್ಷೆ ತೆಗೆದು ನೋಡಿ: ಖಂಭಾತ್ ಕೊಲ್ಲಿ ಸೌರಾಷ್ಟ್ರದ ಮೂಡಣ ಮಗ್ಗುಲಿಗಿದೆ, ದ್ವಾರಕೆ ಪಡುವಣ ತುದಿಗೆ. ನಡುವೆ ಇಡೀ ಪರ್ಯಾಯದ್ವೀಪವೇ ಇದೆ. ಆದರೂ ಟಿ.ವಿ.ಯಲ್ಲಿ ಖಂಭಾತಿನ ವಯಸ್ಸು, ದ್ವಾರಕೆಯ ಹೆಸರು, ಕಂಪ್ಯೂಟರಿನ ಕಂಬ ಒಂದಾದವು. ಚಿಕ್ಕಪ್ಪನಿಗೆ ಬಂದ ವಿಡಿಯೊದ ಕುಲಗೋತ್ರ ಇದು.

ಹಾಗೆಂದು ಆ ಕಡೆ ನೆಲ ಮುಳುಗುವುದೇ ಸುಳ್ಳೆಂದಲ್ಲ. 1819ರ ಜೂನ್ 16ರಂದು ಕಛ್‌ನಲ್ಲಿ ಭೂಕಂಪವಾದಾಗ ಸಿಂಧ್ರಿ ಎಂಬ ಕೋಟೆ ಇದ್ದ ನೆಲ ಕುಸಿದು ನೀರು ನುಗ್ಗಿತು. ಉಳಿದೊಂದು ಗೋಪುರ ಹತ್ತಿ ಕುಳಿತವರನ್ನು ಮರುದಿನ ದೋಣಿಯಲ್ಲಿ ಪಾರುಮಾಡಬೇಕಾಯಿತು. ಪಕ್ಕದಲ್ಲೇ ಮೈಲುಗಟ್ಟಲೆ ಉದ್ದಕ್ಕೆ ನೆಲ ಎದ್ದು ದಿಣ್ಣೆಯಾಯಿತು. ಜನ ಅದನ್ನು ಅಲ್ಲಾ ಬಂದ್ ಎಂದರು, ದೇವರು ಹಾಕಿದ ಒಡ್ಡು. ಇಂಥದ್ದನ್ನು ಹಿಂದಿನವರೂ ಎಲ್ಲೋ ಕಂಡಿರಬಹುದು, ಕಂಡದ್ದು ಕಥೆಯಾಗಿರಬಹುದು. ಇದು ನನ್ನ ಊಹೆ, ಇದಕ್ಕೆ ಮುದ್ರೆ ಒತ್ತಿಸಲು ಹೋಗುವುದಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಪುರಾತತ್ವ ಸರ್ವೇಕ್ಷಣೆಯ ಜಲಾಂತರ್ಗತ ವಿಭಾಗ 2005–07ರಲ್ಲಿ ನೌಕಾದಳದ ನೆರವಿನಿಂದ ದ್ವಾರಕೆಯಲ್ಲಿ ಕೆಲಸ ಮಾಡಿತು, ಆಮೇಲೆ ವರ್ಷಗಟ್ಟಲೆ ಸದ್ದಡಗಿತು. ರಾವ್ 2013ರಲ್ಲಿ ತೀರಿಕೊಂಡರು. 2024ರ ಫೆಬ್ರುವರಿ 25ರಂದು ಪ್ರಧಾನಿ ದ್ವಾರಕೆಯ ನೀರಿಗಿಳಿದು ನವಿಲುಗರಿ ಅರ್ಪಿಸಿದರು. ಓಖಾದಿಂದ ಬೆಟ್ ದ್ವಾರಕಾಕ್ಕೆ ಸುದರ್ಶನ ಸೇತು ತೆರೆದದ್ದೂ ಅಂದೇ. ಮರುವರ್ಷದ ಫೆಬ್ರುವರಿಯಲ್ಲಿ ಸರ್ವೇಕ್ಷಣೆಯ ಐವರ ತಂಡ, ಅದರಲ್ಲಿ ಮಹಿಳಾ ಡೈವರ್‌ಗಳೂ ಸೇರಿ, ಗೋಮತಿಯ ಅಳಿವೆಯ ಬಳಿ ಮತ್ತೆ ನೀರಿಗಿಳಿಯಿತು. ಮುಳುಗಿ ಬಂದವರಿಗೆ ಮೊದಲು ಎದುರಾಗುವುದು ‘ಕೃಷ್ಣನ ಊರು ಸಿಕ್ಕಿತೇ’ ಎಂಬ ಪ್ರಶ್ನೆ. ಹೌದೆಂದರೆ ಒಂದು ಗುಂಪು, ಇಲ್ಲವೆಂದರೆ ಇನ್ನೊಂದು ಗುಂಪು ಮೈಮೇಲೆ ಬರುತ್ತದೆ. ಲಂಗರು ಸಿಕ್ಕಿತು ಎಂದು ಹೇಳಲು ಪುರುಸೊತ್ತೆಲ್ಲಿ?

ಸೇತುವೆ ಆದ ಮೇಲೆ ಬೆಟ್ ದ್ವಾರಕಾಕ್ಕೆ ಓಖಾದ ದೋಣಿ ಕಾಯಬೇಕಿಲ್ಲ. ಶಂಖೋದ್ಧಾರ ಎಂದು ಇನ್ನೊಂದು ಹೆಸರುಳ್ಳ ಆ ದ್ವೀಪದಲ್ಲಿ ಗುಡಿಯ ಸಾಲು ಬಿಟ್ಟು ದಡದತ್ತ ಹೋದರೆ, ಅಲೆ ಕೊರೆದ ಮಣ್ಣಿನ ಗೋಡೆಗಳಿವೆ. ಹಳೆಯ ವಸತಿಯ ಮಡಕೆ ಚೂರು, ಶಂಖದ ತುಂಡು ಹೊರಗೆ ಕಂಡದ್ದು ಇಂಥ ಕೊರೆತದಲ್ಲೇ. ಪ್ರತಿ ಮಳೆಗಾಲ ಕಡಲು ಆ ದಡವನ್ನು ಇನ್ನಷ್ಟು ತಿನ್ನುತ್ತದೆ. ಅಲ್ಲಿಂದ ಜಾರಿ ನೀರಿಗೆ ಬೀಳುತ್ತಿರುವುದನ್ನು ಹೆಕ್ಕಲು ಗಾಳಿಯ ಸಿಲಿಂಡರ್ ಬೇಡ, ಒಂದು ಬುಟ್ಟಿ ಸಾಕು.