ಕಲ್ಲು ಮುಂಬೈಗೆ, ಪುಸ್ತಕ ಲಂಡನ್ನಿಗೆ, ಉಳಿದದ್ದು ನಗಾರಖಾನೆಗೆ

ಗೋಳಗುಮ್ಮಟಕ್ಕೆ ಶಾಲಾ ಪ್ರವಾಸ ಬಂದ ಮಕ್ಕಳನ್ನು ಒಮ್ಮೆ ಗಮನಿಸಿ. ಬಸ್ ಇಳಿದವರೇ ಗುಮ್ಮಟದ ಕಡೆ ಓಟ. ಮೇಲೆ ಹತ್ತಬೇಕು, ಕೂಗಬೇಕು, ಕೂಗಿದ್ದು ಏಳು ಸಲ ವಾಪಸ್ ಬರಬೇಕು. ಗುಮ್ಮಟದ ಮುಂದೆಯೇ ನಿಂತಿರುವ ಎರಡಂತಸ್ತಿನ ಕಟ್ಟಡ ಯಾರ ಕಣ್ಣಿಗೂ ಬೀಳೋದಿಲ್ಲ. ಏಳನೇ ಇಯತ್ತೆಯಲ್ಲಿ ನಾನೂ ಹಾಗೇ ಓಡಿದವನು. ಅದರೊಳಗೆ ಕಾಲಿಟ್ಟದ್ದು ಎಷ್ಟೋ ವರ್ಷ ಆದ ಮೇಲೆ. ಅದೂ ಇತಿಹಾಸದ ಆಸೆಗಲ್ಲ, ಏಪ್ರಿಲ್ ಬಿಸಿಲು ತಾಳಲಾರದೆ.

ಅದು ನಗಾರಖಾನೆ. ಆದಿಲಶಾಹಿ ಕಾಲದಲ್ಲಿ ನಗಾರಿ ಬಾರಿಸಲು ಕಟ್ಟಿದ ಜಾಗ. 1892ರಿಂದ ಅದೇ ಮ್ಯೂಸಿಯಂ.

1892 ಯಾಕೆ? ಅದಕ್ಕೆ ಕಲಾದಗಿಯಿಂದ ಶುರು ಮಾಡಬೇಕು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಕಲಾದಗಿ ಆಗ ಬ್ರಿಟಿಷರ ಜಿಲ್ಲಾ ಕೇಂದ್ರ. 1885ರಲ್ಲಿ ಕೇಂದ್ರ ವಿಜಾಪುರಕ್ಕೆ ಬಂತು. ಅದಕ್ಕೂ ಸ್ವಲ್ಪ ಮೊದಲು ರೈಲು ಬಂದಿತ್ತು. ಅಲ್ಲಿವರೆಗೆ ಅರ್ಧ ಪಾಳು ಬಿದ್ದಿದ್ದ ಊರಿಗೆ ಒಮ್ಮೆಲೇ ಸಾಹೇಬರು, ಗುಮಾಸ್ತರು, ನೋಡುವವರು ಎಲ್ಲಾ ಬಂದರು. ಹಳೆಯ ಮಹಲುಗಳಲ್ಲಿ ಕಚೇರಿ, ಬಂಗಲೆ ಎದ್ದವು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಇಲ್ಲಿನ ಕಟ್ಟಡಗಳನ್ನು ಅಳೆದು ಬರೆದಿಟ್ಟದ್ದೂ ಸುಮಾರು ಇದೇ ಕಾಲದಲ್ಲಿ. ಹಾಗೆ ಜಿಲ್ಲೆಯ ಶಾಸನ, ಮೂರ್ತಿಗಳಿಗೆ ಒಂದು ಸೂರು ಸಿಕ್ಕಿತು. ಅಂದರೆ ಕಚೇರಿ ಬಂದ ಏಳು ವರ್ಷಕ್ಕೆ ಮ್ಯೂಸಿಯಂ ಬಂತು.

ಈ ಮಾತು ನೆನಪಿಟ್ಟುಕೊಳ್ಳಿ. ನಮ್ಮ ಭಾಗದ ಹಳೆಯ ವಸ್ತುಗಳ ಕಥೆಯಲ್ಲಿ ಇದೇ ಮತ್ತೆ ಮತ್ತೆ ಬರುತ್ತದೆ. ಕಚೇರಿ ಎಲ್ಲಿತ್ತೋ, ವಸ್ತು ಅಲ್ಲಿಗೆ ಹೋಯಿತು. ಕಚೇರಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಒಳ್ಳೊಳ್ಳೆಯವು ಆಗಲೇ ಊರು ಬಿಡತೊಡಗಿದ್ದವು.

ಮೊದಲು ಹೋದದ್ದು ಪುಸ್ತಕ. ವಿಜಾಪುರದ ಆಸಾರ್ ಮಹಲಿನಲ್ಲಿ ಸುಲ್ತಾನರ ಗ್ರಂಥಾಲಯ ಇತ್ತು. 1686ರಲ್ಲಿ ಊರು ಗೆದ್ದ ಔರಂಗಜೇಬ ಬಂಡಿಗಟ್ಟಲೆ ಪುಸ್ತಕ ಸಾಗಿಸಿದ ಅನ್ನುವ ಮಾತಿದೆ. ಆಮೇಲೂ ಉಳಿದಿದ್ದ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಹೋಗಿ, ಮುಂದೆ ಅಲ್ಲಿನ ಇಂಡಿಯಾ ಆಫೀಸ್, ಅಂದರೆ ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಕಚೇರಿ, ಸೇರಿದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಬೆಳಗಾವಿಯದೂ ಇದೇ ಕಥೆ. ಕೋಟೆಯೊಳಗಿನ ಕಮಲ ಬಸದಿ ನೋಡಿರಬೇಕಲ್ವಾ? ಈ ಭಾಗ ಆಳಿದ ರಟ್ಟ ಅರಸರ ಕಾಲದ್ದು. ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಆ ಕಾಲದ ಬೆಳಗಾವಿಯ ಎರಡು ಶಾಸನ ಓದಿದವರು, ಕಲ್ಲುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ ಎಂದು ದಾಖಲಿಸಿದ್ದಾರೆ. ಪುಸ್ತಕ ಒಯ್ದದ್ದಾದರೂ ತಿಳಿಯುತ್ತದೆ. ಅಷ್ಟು ಭಾರದ ಕಲ್ಲನ್ನು ಹಡಗಿಗೆ ಏರಿಸಿದ ಹಟ ದೊಡ್ಡದು ಬಿಡಿ.

ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿ ಬ್ರಹ್ಮ, ವಿಷ್ಣು, ಶಿವನ ಮೂರು ದೊಡ್ಡ ಕೆತ್ತನೆ ಹಲಗೆಗಳಿದ್ದವು. ಇವತ್ತು ಅವನ್ನು ನೋಡಲು ಮುಂಬೈಗೆ ಹೋಗಬೇಕು. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಹೆಸರಿದ್ದ, ಈಗ ಛತ್ರಪತಿ ಶಿವಾಜಿ ಮಹಾರಾಜ ಹೆಸರಿನ ಮ್ಯೂಸಿಯಂನಲ್ಲಿ ಇವೆ. ಕಾರಣ ಸರಳ. 1956ರವರೆಗೆ ನಮ್ಮ ಭಾಗ ಮುಂಬೈ ಆಡಳಿತದಲ್ಲಿತ್ತು, ನಮ್ಮ ರಾಜಧಾನಿ ಮುಂಬೈ. ಐಹೊಳೆಯದೇ ಹಾರುವ ಗಂಧರ್ವ ಜೋಡಿ ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಇನ್ನು ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆಯೂ ತನ್ನ ಮ್ಯೂಸಿಯಂ ಕಟ್ಟಿತು. ಅದಾದರೂ ಹತ್ತಿರ.

ಕಾನೂನೂ ಇದೇ ದಾರಿಯಲ್ಲಿ ಇತ್ತು. 1878ರ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕಿತ್ತು. ಮುಂದಿನದ್ದು ಸರ್ಕಾರದ ಕೈಯಲ್ಲಿ. ಹೊಲ ಹೂಡುವಾಗ ಏನಾದರೂ ಸಿಕ್ಕರೆ ಮತ್ತೆ ಮಣ್ಣು ಮುಚ್ಚಿ ಸುಮ್ನೆ ಇದ್ದುಬಿಡುವವರ ಕಥೆ ನಮ್ಮ ಕಡೆ ಯಾವ ಹಳ್ಳಿಯಲ್ಲಿ ಕೇಳಿದರೂ ಒಂದಾದರೂ ಸಿಗುತ್ತದೆ.

ವಸ್ತು ಸಿಕ್ಕ ಜಾಗದಲ್ಲೇ ಇರಲಿ ಅನ್ನುವ ವಿಚಾರ ಗಟ್ಟಿಯಾದದ್ದು ತಡವಾಗಿ. ಅದೂ ಶೆಡ್ಡಿನ ರೂಪದಲ್ಲಿ. ಐಹೊಳೆಯಲ್ಲಿ ದುರ್ಗ ಗುಡಿಯ ಪಕ್ಕ 1970ರಲ್ಲಿ ಪುರಾತತ್ವ ಇಲಾಖೆಯವರು ಶಿಲ್ಪಗಳಿಗೆ ಒಂದು ಶೆಡ್ ಮಾಡಿದರು. (ಈ ದುರ್ಗ ಅಂದರೆ ದೇವಿಯಲ್ಲ, ಕೋಟೆ.) ಅದು ಪೂರ್ಣ ಮ್ಯೂಸಿಯಂ ಆದದ್ದು 1987ರಲ್ಲಿ. ಬಾದಾಮಿಯಲ್ಲಿ ಶೆಡ್ 1979ರಲ್ಲಿ, ಮ್ಯೂಸಿಯಂ 1982ರಲ್ಲಿ. ಚಾಲುಕ್ಯರ ರಾಜಧಾನಿಗೆ ಸ್ವಂತ ಮ್ಯೂಸಿಯಂ ಬರಲು ಸ್ವಾತಂತ್ರ್ಯ ಬಂದು 35 ವರ್ಷ ಬೇಕಾಯಿತು.

ಆದರೆ ತಡವಾಗಿ ಬಂದ ಇವೇ ನನಗೆ ಹೆಚ್ಚು ಇಷ್ಟ. ಬಾದಾಮಿಯ ಲಜ್ಜಾಗೌರಿಯನ್ನೇ ನೋಡಿ. ಹತ್ತಿರದ ನಾಗನಾಥಕೊಳ್ಳದಿಂದ ಬಂದವಳು. ಮುಖ ಇಲ್ಲ, ತಲೆಯ ಜಾಗದಲ್ಲಿ ಅರಳಿದ ತಾವರೆ. ಹೆರುವ ಭಂಗಿಯಲ್ಲಿದ್ದಾಳೆ. ಅವಳ ಮುಂದೆ ಗದ್ದಲ ಮಾಡುತ್ತಾ ಬಂದವರೂ ಸುಮ್ಮನಾಗುತ್ತಾರೆ. ಅದೇ ಮ್ಯೂಸಿಯಂನಲ್ಲಿ ಎರಡೂ ಬದಿ ಕೆತ್ತಿದ ಮಕರ ತೋರಣ ಇದೆ, ಸಿಡ್ಲಫಡಿಯ ಆದಿಮಾನವರ ಗವಿಯ ಮಾದರಿ ಇದೆ. ಹೊರಗೆ ಬಂದರೆ ಅದೇ ಕೆಂಪು ಕಲ್ಲಿನ ಗುಡ್ಡ, ಅದೇ ಅಗಸ್ತ್ಯ ತೀರ್ಥದ ಕೆರೆ. ಕಲ್ಲು ಯಾವ ಗುಡ್ಡದ್ದು ಎಂದು ಬರೆದು ಹಾಕುವ ಅಗತ್ಯವೇ ಇಲ್ಲ. ಮುಂಬೈಯಲ್ಲಿ ಎಷ್ಟು ಒಳ್ಳೆಯ ದೀಪ ಹಾಕಿದರೂ ಇದು ಸಿಗೋದಿಲ್ಲ.

ಐಹೊಳೆಯ ಮ್ಯೂಸಿಯಂನಲ್ಲಿ ಆರು ಗ್ಯಾಲರಿ, ಹೊರಗೆ ಬಯಲು ಅಂಗಳ. ಒಂದು ಕೋಣೆಯಲ್ಲಿ ಮಲಪ್ರಭೆಯ ಕಣಿವೆಯ ದೊಡ್ಡ ಮಾದರಿ ಇದೆ. ಅದನ್ನು ಮೊದಲು ನೋಡಿ, ಆಮೇಲೆ ಊರು ತಿರುಗಿ. ಕಿತ್ತೂರಿನದು ಬೇರೆ ಥರ. ಅದು ರಾಜ್ಯ ಇಲಾಖೆಯದು, ಕೋಟೆಯೊಳಗಿದೆ. 1824ರ ಯುದ್ಧದ ಊರಿನಲ್ಲಿ ಕತ್ತಿ, ಗುರಾಣಿ ಇರಲೇಬೇಕು, ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅರಮನೆಯ ಕಟ್ಟಿಗೆ ಬಾಗಿಲು.

ನಗಾರಖಾನೆಗೆ ಮರಳೋಣ. ಜಿಲ್ಲಾ ಮ್ಯೂಸಿಯಂ ಆಗಿ ಶುರುವಾದ ಅದು ಈಗ ಕೇಂದ್ರ ಪುರಾತತ್ವ ಇಲಾಖೆಯದು. ಕೆಳಗೆ ಮೂರು ಗ್ಯಾಲರಿ, ಮೇಲೆ ಮೂರು. ಕೆಳಗೆ ಕಲ್ಲಿನ ಲೋಕ: ತೀರ್ಥಂಕರರು, ಶೈವ ಮೂರ್ತಿಗಳು, ವೀರಗಲ್ಲು, ಕನ್ನಡ ಶಾಸನದ ಜೊತೆಗೇ ಅರಬ್ಬಿ, ಪಾರ್ಸಿ ಶಾಸನ. ಮೇಲೆ ಸುಲ್ತಾನರ ಲೋಕ: ಹಸ್ತಪ್ರತಿ, ಆಯುಧ, ಚೀನಾದ ಪಿಂಗಾಣಿ, ಜಮಖಾನೆ. ಯಾರೂ ಹಾಗೆ ಬೇಕೆಂದು ಜೋಡಿಸಿರಲಿಕ್ಕಿಲ್ಲ. ಆದರೂ ಮೆಟ್ಟಿಲು ಹತ್ತುವಾಗ ಜಿಲ್ಲೆಯ ಸಾವಿರ ವರ್ಷ ದಾಟಿದ ಹಾಗೆ ಆಗುತ್ತದೆ.

ಮ್ಯೂಸಿಯಂಗೆ ಹೋಗದ ಕಲ್ಲುಗಳೂ ಇವೆ. ಅಂಥವೇ ಜಾಸ್ತಿ. ಊರ ಅಗಸಿಯಲ್ಲಿ, ಹನುಮಪ್ಪನ ಗುಡಿ ಕಟ್ಟೆಯಲ್ಲಿ ನಿಂತ ವೀರಗಲ್ಲುಗಳು. ಅಮಾವಾಸ್ಯೆಗೆ ಎಣ್ಣೆ, ಕುಂಕುಮ ಬಿದ್ದು ಬಿದ್ದು ಅಕ್ಷರ ಮುಚ್ಚಿಹೋಗಿವೆ. ಓದುವವರಿಗೆ ಅದು ಹಾಳು, ಊರವರಿಗೆ ಅದು ಪೂಜೆ. ನಮ್ಮ ಊರ ಅಗಸಿಯ ಕಲ್ಲನ್ನು ಮ್ಯೂಸಿಯಂಗೆ ಕೊಡಬಹುದಲ್ಲ ಎಂದು ಒಮ್ಮೆ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದ್ದೆ. ದನ ಉಳಿಸಲು ಹೋಗಿ ಸತ್ತವನದು ಆ ಕಲ್ಲು. ಅಜ್ಜ ಎಲೆ ಅಡಿಕೆ ಉಗುಳಿ, "ಅವ ಸತ್ತದ್ದು ಇಲ್ಲೇ ಅಲ್ಲೇನ್ರಿ?" ಅಂದರು. ನಾನು ಮತ್ತೆ ಕೇಳಲಿಲ್ಲ. ಮುಂದಿನ ಸಲ ಹೋದಾಗ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು.